ತಮ್ಮನನ್ನು ರೇಸ್‌ಕೋರ್ಸಿಗೆ ಕಳಿಸಬಹುದಾ? ಟ್ರೈನರ್, ಜಾಕಿಗಳಿಗೆ ಇರುವ ನಿಯಮಗಳು ಜೀವ ಕಾಯುತ್ತವೆಯೇ?

ನಿಮ್ಮ ತಮ್ಮನಿಗೆ 19 ವರ್ಷ, ತೂಕ 46 ಕೆಜಿ. ಮೈಸೂರಿನ ಒಬ್ಬ ಟ್ರೈನರ್ "ಮೊದಲು ರೈಡಿಂಗ್ ಬಾಯ್ ಆಗಿ ಬಾ, ಮುಂದೆ ಅಪ್ರೆಂಟಿಸ್ ಜಾಕಿ (ಕಲಿಯುತ್ತಾ ರೇಸಿನಲ್ಲಿ ಓಡಿಸುವ ಸವಾರ) ಮಾಡೋಣ" ಅಂತ ಕರೆದಿದ್ದಾರೆ, ಅಮ್ಮ ಹೆದರಿ ಸರಿಯಾಗಿ ಊಟ ಮಾಡ್ತಿಲ್ಲ ಅಂತ ಬರೆದಿದ್ದೀರಿ. ಟ್ರೈನರಿಗೆ, ಸವಾರನಿಗೆ ಏನೇನು ನಿಯಮ ಇದೆ, ಆ ನಿಯಮ ಹುಡುಗನನ್ನು ಕಾಯುತ್ತದೆಯೇ ಅನ್ನುವುದು ನಿಮ್ಮ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ರೈಡಿಂಗ್ ಬಾಯ್, ಅಂದರೆ ಬೆಳಿಗ್ಗೆ ತಾಲೀಮಿಗೆ ಕುದುರೆ ಓಡಿಸುವವನು, ಆಗಿದ್ದೆ. ಭುಜ ಮುರಿದ ಮೇಲೆ ಹನ್ನೊಂದು ವರ್ಷ ಲಾಯದ ಜಮಾದಾರ್ ಆಗಿ ಕುದುರೆಗಳನ್ನೂ, ಅವುಗಳ ಆರೈಕೆ ಮಾಡುವ ಸೈಸ್‌ಗಳನ್ನೂ ನೋಡಿಕೊಂಡೆ. ರೇಸಿನಲ್ಲಿ ಓಡಿಸಿದವನಲ್ಲ, ಬೆಳಗಿನ ಕೆಲಸದವನು. ನಿಮ್ಮ ತಮ್ಮ ಕಾಲಿಡುವುದೂ ಮೊದಲು ಬೆಳಗಿನ ಕೆಲಸಕ್ಕೇ ಆದ್ದರಿಂದ ನಾನು ಉತ್ತರ ಬರೆಯಬಹುದು ಅನ್ನಿಸಿತು.

ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ಇದು ಬರೀ ಜೂಜಿನ ಕಟ್ಟೆಯಲ್ಲ. ಕುದುರೆ ರೇಸ್ ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ. ಮೈಸೂರಿನ ಕ್ಲಬ್ 1891ರಷ್ಟು ಹಳೆಯದು. ರಾಜ್ಯದಲ್ಲಿ ರೇಸ್ ನಡೆಸಬೇಕಾದರೆ 1952ರ ಕಾಯ್ದೆ ಪ್ರಕಾರ ಸರ್ಕಾರದ ಲೈಸೆನ್ಸ್ ಬೇಕು. ಕ್ಲಬ್ಬಿನ ಒಳಗೆ ನಿಯಮ ನೋಡಿಕೊಳ್ಳುವ ಅಧಿಕಾರಿಗಳಾದ ಸ್ಟೂವರ್ಡುಗಳ ಮಾತೇ ನಡೆಯುವುದು. ಟ್ರೈನರಿಗೂ ಜಾಕಿಗೂ ಅವರು ಲೈಸೆನ್ಸ್ ಕೊಡುತ್ತಾರೆ, ತಪ್ಪು ಮಾಡಿದರೆ ಕಿತ್ತುಕೊಳ್ಳುತ್ತಾರೆ. ಒಂದು ಕ್ಲಬ್ ಅಮಾನತು ಮಾಡಿದವನನ್ನು ಬೇರೆ ಊರಿನ ಕ್ಲಬ್ಬೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ತಪ್ಪು ಮಾಡಿ ಹೈದರಾಬಾದಿನಲ್ಲಿ ಹೊಟ್ಟೆ ಹೊರೆಯುತ್ತೇನೆ ಅಂದರೆ ನಡೆಯುವುದಿಲ್ಲ. ಜಾಕಿ ಬಾಜಿ ಕಟ್ಟುವ ಹಾಗಿಲ್ಲ, ಯಾರಿಂದಲೂ ಗುಟ್ಟಾಗಿ ಹಣ ಮುಟ್ಟುವ ಹಾಗಿಲ್ಲ. ಗೆಲ್ಲುವ ಕುದುರೆಯನ್ನು ಬೇಕೆಂದೇ ಲಗಾಮು ಎಳೆದು ಹಿಂದೆ ಹಾಕಿದ ಅಂತ ಸಾಬೀತಾದರೆ ಅವನ ಕಸುಬು ಅಲ್ಲಿಗೆ ಮುಗಿದ ಹಾಗೆಯೇ.

ಇದೆಲ್ಲ ದುಡ್ಡಿನ ನಿಯಮ, ಜೀವದ ಪ್ರಶ್ನೆಗೂ ಇದಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಬಾಜಿ ಕಟ್ಟುವವನ ದುಡ್ಡು ಕಾಯಲು ಮಾಡಿದ್ದು ಅಂತ ಹೊರಗಿನವರು ತಿಳಿದಿರುವ ನಿಯಮಗಳಲ್ಲಿ ಅರ್ಧದಷ್ಟು ನಿಜವಾಗಿ ಕಾಯುವುದು ಸವಾರನ ಕುತ್ತಿಗೆಯನ್ನು. ಇಪ್ಪತ್ತು ವರ್ಷದಲ್ಲಿ ನನಗೆ ಮನದಟ್ಟಾಗಿದ್ದು ಇದು. ಔಷಧಿ ನಿಯಮವನ್ನೇ ತೆಗೆದುಕೊಳ್ಳಿ.

ಗೆದ್ದ ಕುದುರೆಯ ಮೂತ್ರ, ರಕ್ತ ಪರೀಕ್ಷೆಗೆ ಹೋಗುತ್ತದೆ. ಸ್ಟೂವರ್ಡುಗಳು ಹೇಳಿದರೆ ಸೋತ ಕುದುರೆಯದ್ದೂ ಹೋಗುತ್ತದೆ. ಸ್ಯಾಂಪಲನ್ನು ಎರಡು ಪಾಲು ಮಾಡಿ ಸೀಲ್ ಹಾಕುತ್ತಾರೆ. ಒಂದರಲ್ಲಿ ಏನಾದರೂ ಸಿಕ್ಕರೆ ಇನ್ನೊಂದನ್ನು ಪರೀಕ್ಷೆ ಮಾಡಿಸಿ ಅಂತ ಟ್ರೈನರ್ ಕೇಳಬಹುದು. ಎರಡರಲ್ಲೂ ಸಿಕ್ಕರೆ "ನನಗೆ ಗೊತ್ತಿಲ್ಲ, ಸೈಸ್ ಏನೋ ಕೊಟ್ಟಿರಬೇಕು" ಅನ್ನುವ ಮಾತಿಗೆ ಬೆಲೆಯಿಲ್ಲ. ಲಾಯದಲ್ಲಿ ಏನೇ ನಡೆದರೂ ಹೊಣೆ ಟ್ರೈನರದ್ದೇ. ವೇಗ ಹೆಚ್ಚಿಸುವ ಮದ್ದನ್ನು ಹಿಡಿಯಲು ಇದೆಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ನಾವು ಲಾಯದವರು ಹೆಚ್ಚು ಹೆದರುತ್ತಿದ್ದದ್ದು ನೋವು ಮುಚ್ಚುವ ಮದ್ದಿಗೆ. ಪ್ರೊಕೇನ್ ಅಂತ ಒಂದಿದೆ, ಹಲ್ಲು ಕೀಳುವಾಗ ಮರಗಟ್ಟಿಸುತ್ತಾರಲ್ಲ, ಆ ಜಾತಿಯದ್ದು. ಗಾಯಕ್ಕೆ ಕೊಡುವ ಒಂದು ಬಗೆಯ ಪೆನಿಸಿಲಿನ್ ಇಂಜೆಕ್ಷನ್ನಿನಲ್ಲೂ ಅದು ಸೇರಿರುತ್ತದೆ, ಕೊಟ್ಟು ಎಷ್ಟೋ ದಿನವಾದ ಮೇಲೂ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಪ್ರಾಮಾಣಿಕ ಟ್ರೈನರ್ ಕೂಡ ಯಾವ ಕುದುರೆಗೆ ಯಾವ ದಿನ ಯಾವ ಸೂಜಿ ಅಂತ ಪುಸ್ತಕದಲ್ಲಿ ಬರೆಸುತ್ತಾನೆ. ಬರೆಸದವನ ಹತ್ತಿರ ತಮ್ಮನನ್ನು ಬಿಡಬೇಡಿ.

ಯಾಕೆ ಅಂದರೆ, ಓಡುವ ಕುದುರೆ ಹತ್ತಿರಹತ್ತಿರ 500 ಕೆಜಿ ತೂಗುತ್ತದೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ನಾಗಾಲೋಟದಲ್ಲಿ ಪ್ರತಿ ಹೆಜ್ಜೆಗೂ ಒಂದು ಕ್ಷಣ ಅಷ್ಟೂ ಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಆ ಕಾಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಮಾನ್ಯವಾಗಿ ನೋವು ಅದಕ್ಕೆ "ನಿಲ್ಲು" ಅನ್ನುತ್ತದೆ, ಕುಂಟುತ್ತದೆ, ಲಾಯದಲ್ಲೇ ಉಳಿಯುತ್ತದೆ. ನೋವನ್ನು ಮರಗಟ್ಟಿಸಿದರೆ ಕುದುರೆಗೆ ಗೊತ್ತಾಗುವುದಿಲ್ಲ, ಮೇಲೆ ಕೂತವನಿಗೂ ಗೊತ್ತಾಗುವುದಿಲ್ಲ. ಕಾಲು ಮುರಿಯುವಾಗಲೇ ಇಬ್ಬರಿಗೂ ಒಟ್ಟಿಗೆ ಗೊತ್ತಾಗುವುದು.

ನನ್ನ ಭುಜ ಮುರಿದದ್ದು ಮದ್ದಿನಿಂದಲ್ಲ, ಆದರೆ ಅದರ ಹತ್ತಿರದ ತಪ್ಪಿನಿಂದ. ಆ ಬೆಳಿಗ್ಗೆ ನಾಲ್ಕು ವರ್ಷದ ಒಂದು ಗಂಡು ಕುದುರೆಯನ್ನು ನಡಿಗೆಯಲ್ಲಿ ಹೊರಗೆ ತಂದಾಗಲೇ ಎಡಮುಂಗಾಲನ್ನು ಗಿಡ್ಡ ಹೆಜ್ಜೆಯಲ್ಲಿ ಇಡುತ್ತಿತ್ತು. ಸೈಸ್ ರಾತ್ರಿಯೇ ಕೈಯಿಟ್ಟು ನೋಡಿ "ಬಿಸಿ ಇದೆ" ಅಂದಿದ್ದ. ನಾನು ಹೇಳಿದೆ. "ಮೈ ಬಿಸಿಯಾದ್ರೆ ಬಿಡುತ್ತೆ, ಮೆಲ್ಲಗೆ ಒಂದು ಸುತ್ತು ತಾ" ಅನ್ನುವ ಉತ್ತರ ಬಂತು. ಮುಂದಿನ ವಾರ ಓಡಬೇಕಿದ್ದ ಕುದುರೆ, ಮಾಲೀಕರು ಬಂದು ನಿಂತಿದ್ದರು. ನಾನು ಇಳಿಯಲಿಲ್ಲ. ತಿರುವಿನಲ್ಲಿ ಒಣಕಟ್ಟಿಗೆ ಮುರಿದ ಸದ್ದಾಯಿತು, ಆಮೇಲೆ ಮಣ್ಣು. ನನಗೆ ಭುಜದ ಮೂಳೆ, ಎರಡು ಪಕ್ಕೆಲುಬು. ಕುದುರೆಯನ್ನು ಅಲ್ಲೇ ಪರದೆ ಕಟ್ಟಿ ಶಾಶ್ವತವಾಗಿ ಮಲಗಿಸಿದರು. ಅದರ ಸೈಸ್ ಮೂರು ದಿನ ಆ ಖಾಲಿ ಲಾಯದ ಬಾಗಿಲಲ್ಲೇ ಕೂತಿದ್ದ ಅಂತ ಆಮೇಲೆ ಕೇಳಿದೆ. ಕುಂಟುವ ಕುದುರೆಯನ್ನು ಓಡಿಸಬಾರದು ಅಂತ ನನಗೂ ಗೊತ್ತಿತ್ತು, ಹೇಳಿದವರಿಗೂ ಗೊತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ಅದನ್ನು ನೆನಪಿಸಲು ಅಲ್ಲಿ ಯಾರೂ ಇರಲಿಲ್ಲ.

ರೇಸಿನ ದಿನ ಹಾಗಲ್ಲ. ಆ ದಿನದ ಕಟ್ಟುನಿಟ್ಟು ನೋಡಿದರೆ ಅಮ್ಮನಿಗೆ ಸ್ವಲ್ಪ ಧೈರ್ಯ ಬರುತ್ತದೆ. ಓಡುವ ಕುದುರೆ ಅದೇ ಹೌದೋ ಅಂತ ಗುರುತು ನೋಡುತ್ತಾರೆ. ರೇಸಿಗೆ ಮುಂಚೆ ಕುದುರೆಗಳನ್ನು ಸುತ್ತಿಸುವ ಪ್ಯಾಡಕ್ಕಿನಲ್ಲಿ ನಡೆಸುವಾಗ ಪಶುವೈದ್ಯರು ನಡಿಗೆ ಗಮನಿಸುತ್ತಾರೆ. ಓಟ ಶುರುವಾಗುವ ಗೇಟಿನ ಹತ್ತಿರ ಕುದುರೆ ಸವಾರನನ್ನು ಕೆಡವಿ ಓಡಿಹೋದರೆ, ಗೇಟಿನೊಳಗೆ ಒದ್ದಾಡಿ ಪೆಟ್ಟು ಮಾಡಿಕೊಂಡರೆ, ವೈದ್ಯರು ನೋಡಿ ಬೇಡ ಅಂದರೆ ಅದು ಓಡುವುದಿಲ್ಲ. ಸಾವಿರಾರು ಜನ ಅದರ ಮೇಲೆ ದುಡ್ಡು ಹಾಕಿದ್ದರೂ ಅಷ್ಟೇ. ಗೇಟಿನಲ್ಲಿ ಸರಿಯಾಗಿ ನಿಲ್ಲಲು ಕಲಿಯದ ಕುದುರೆಯನ್ನು ರೇಸಿಗೇ ಸೇರಿಸುವುದಿಲ್ಲ. ಓಡಿದ ಮೇಲೆ ಮೂಗಿನಲ್ಲಿ ರಕ್ತ ಬಂದ ಕುದುರೆಗೆ ಕಡ್ಡಾಯ ರಜೆ, ಮತ್ತೆ ಮತ್ತೆ ಬಂದರೆ ಅದರ ರೇಸಿನ ಬದುಕು ಮುಗಿಯಿತು. ಓಟದ ಹಿಂದೆ ಆಂಬುಲೆನ್ಸ್ ಬರುತ್ತಿರುತ್ತದೆ. ಬಿದ್ದ ಜಾಕಿಯನ್ನು ವೈದ್ಯರು ನೋಡಿ ಸರಿ ಅನ್ನುವ ತನಕ ಮುಂದಿನ ರೇಸಿಗೆ ಬಿಡುವುದಿಲ್ಲ.

ಓಟದಲ್ಲಿ ದೊಡ್ಡ ಅಪಾಯ ಅಡ್ಡ ಬರುವುದು. ಮುಂದಿನ ಕುದುರೆಯ ಹಿಂಗಾಲಿಗೆ ಹಿಂದಿನದರ ಮುಂಗಾಲು ತಾಗಿದರೆ ಸಾಕು, ಹಿಂದಿನವನು ನೆಲಕ್ಕೆ, ಅವನ ಹಿಂದೆ ಬರುವವರು ಅವನ ಮೇಲೆ. ಅದಕ್ಕೆ ಸಾಕಷ್ಟು ಮುಂದೆ ಹೋಗದೆ ಒಳಗಿನ ರೇಲಿಂಗಿಗೆ ಇಳಿಯುವ ಹಾಗಿಲ್ಲ. ಎದುರಿನಿಂದಲೂ ಪಕ್ಕದಿಂದಲೂ ಹಿಡಿದ ವಿಡಿಯೋ ನೋಡಿ ಸ್ಟೂವರ್ಡುಗಳು ವಿಚಾರಣೆ ಮಾಡುತ್ತಾರೆ, ಅಜಾಗರೂಕತೆ ಅನ್ನಿಸಿದರೆ ಇಷ್ಟು ರೇಸ್ ದಿನ ಮನೆಯಲ್ಲಿರು ಅನ್ನುತ್ತಾರೆ. ದಿನಕ್ಕೆ ಐದಾರು ಕುದುರೆ ಓಡಿಸುವ ಜಾಕಿಗೆ ದಂಡಕ್ಕಿಂತ ಆ ರಜೆಯೇ ಹೆಚ್ಚು ಚುರುಕು ಮುಟ್ಟಿಸುತ್ತದೆ. ಕುದುರೆಯನ್ನು ಕೊನೆಯ ಕಂಬದವರೆಗೂ ಪ್ರಯತ್ನಪಟ್ಟು ಓಡಿಸಲೇಬೇಕು ಅನ್ನುವ ನಿಯಮದ ಬಗ್ಗೆ ಹೊಸ ಹುಡುಗರಿಗೆ ಒಂದು ಗೊಂದಲ ಇರುತ್ತದೆ. ಕಾಲು ತಪ್ಪುತ್ತಿದೆ ಅನ್ನಿಸಿದಾಗ ನಿಲ್ಲಿಸಿದರೆ ಬೈಯುತ್ತಾರೋ ಏನೋ ಅಂತ. ಇಲ್ಲ. ನಿಲ್ಲಿಸಿ ಇಳಿದು ಹೇಳಬೇಕು, ಕುದುರೆಯನ್ನು ವೈದ್ಯರು ನೋಡುತ್ತಾರೆ. ತಮ್ಮನಿಗೆ ಇದನ್ನು ಈಗಲೇ ತಲೆಗೆ ಹಾಕಿ.

ಚಾಟಿಯ ಬಗ್ಗೆಯೂ ಕೇಳಿದ್ದೀರಿ. 2001ರ ಪ್ರದರ್ಶಕ ಪ್ರಾಣಿಗಳ ನೋಂದಣಿ ನಿಯಮಗಳು ರೇಸ್ ಕುದುರೆಗೂ ಅನ್ವಯಿಸುತ್ತವೆ. ಈಗಿನ ಚಾಟಿಗೆ ಮೆತ್ತೆ ಇರುತ್ತದೆ, ಏಟಿಗೂ ಲೆಕ್ಕ ಇದೆ. ಬ್ರಿಟನ್ನಿನಲ್ಲಿ 2023ರಿಂದ ಬೇಲಿ ಹಾರದ ರೇಸುಗಳಲ್ಲಿ ಆರು ಏಟಿಗೆ ಮಿತಿ, ಅದಕ್ಕಿಂತ ನಾಲ್ಕು ಹೆಚ್ಚಾದರೆ ಗೆದ್ದ ಕುದುರೆಯ ಗೆಲುವೇ ರದ್ದು. ಸವಾರನ ತಪ್ಪಿಗೆ ಮಾಲೀಕನ ಜೇಬಿಗೂ ಬಿಸಿ ಮುಟ್ಟಿಸುವ ನಿಯಮ ನನಗೆ ಸರಿ ಅನ್ನಿಸುತ್ತದೆ. ದಣಿದ ಕುದುರೆಗೆ ಹೊಡೆದರೆ ಅದು ವಾಲುತ್ತದೆ, ವಾಲಿದರೆ ಪಕ್ಕದವನಿಗೆ ಡಿಕ್ಕಿ.

ಇನ್ನು ತೂಕ. ಓಡುವ ಮೊದಲು ಜಾಕಿಯನ್ನು ಜೀನು ಸಮೇತ ತೂಗುತ್ತಾರೆ, ಓಡಿದ ಮೇಲೆ ಮತ್ತೆ ತೂಗುತ್ತಾರೆ, ಕುದುರೆ ಹೊರಬೇಕಾದ ತೂಕಕ್ಕಿಂತ ಕಡಿಮೆ ಬಂದರೆ ಗೆಲುವು ಹೋಯಿತು. ಹೆಲ್ಮೆಟ್, ಚಾಟಿ ತೂಕದಲ್ಲಿ ಸೇರುವುದಿಲ್ಲ. ಹೆಲ್ಮೆಟ್ ಹಗುರ ಮಾಡಿ ತೂಕ ಉಳಿಸುವ ಆಸೆ ಯಾರಿಗೂ ಬರದಿರಲಿ ಅಂತ. ಅಪ್ರೆಂಟಿಸ್ ಓಡಿಸಿದರೆ ಕುದುರೆಗೆ ತೂಕದಲ್ಲಿ ರಿಯಾಯಿತಿ ಸಿಗುತ್ತದೆ, ಗೆಲುವು ಹೆಚ್ಚಿದಂತೆ ರಿಯಾಯಿತಿ ಇಳಿಯುತ್ತದೆ. ಹೊಸ ಹುಡುಗರಿಗೆ ಕುದುರೆ ಸಿಗುವುದೇ ಇದರಿಂದ. ನಿಮ್ಮ ತಮ್ಮನಿಗೆ 46 ಕೆಜಿ ಈಗ ವರ. ಆದರೆ ಅವನಿಗೆ ಇನ್ನೂ 19. ಎತ್ತರ ಬೆಳೆದು, ಮೈ ತುಂಬಿ 52 ಆದರೆ? ಉಪವಾಸ ಬಿದ್ದು, ಬಿಸಿಲಲ್ಲಿ ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿ, ನೀರು ಕುಡಿಯದೆ ಬಾಯಿ ಒಣಗಿಸಿಕೊಂಡು ತಕ್ಕಡಿ ಹತ್ತುವ ಹುಡುಗರನ್ನು ನಾನು ಕಂಡಿದ್ದೇನೆ. ಅಂಥವನಿಗೆ ಕೈಯಲ್ಲಿ ಬಲ ಇರುವುದಿಲ್ಲ, ಕಣ್ಣು ತಡವಾಗಿ ನೋಡುತ್ತದೆ. ಬ್ರಿಟನ್ನಿನ ರೇಸ್‌ಕೋರ್ಸುಗಳಲ್ಲಿ ಕೋವಿಡ್ ಕಾಲಕ್ಕೆ ಮುಚ್ಚಿದ ಬೆವರಿಳಿಸುವ ಕೋಣೆಗಳನ್ನು ಆಮೇಲೂ ತೆರೆಯಲಿಲ್ಲ. ನಮ್ಮಲ್ಲಿ ಇದನ್ನು ಹುಡುಗನ ಮನೆಯವರೇ ನೋಡಿಕೊಳ್ಳಬೇಕು. ಅಪ್ಪನ, ಅಣ್ಣತಮ್ಮಂದಿರ ಮೈಕಟ್ಟು ನೋಡಿ, ದಪ್ಪ ಮೂಳೆಯ ಮನೆತನವಾದರೆ ಜಾಕಿಯ ಕನಸನ್ನು ಹೆಚ್ಚು ಬೆಳೆಸಬೇಡಿ. ರೈಡಿಂಗ್ ಬಾಯ್‌ಗೆ ಅಷ್ಟು ಬಿಗಿ ತೂಕ ಬೇಡ, ಅದೂ ಗೌರವದ ಕೆಲಸವೇ.

ಈಗ ನೀವು ಮಾಡಬೇಕಾದ್ದು. ಟ್ರೈನರನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಅಮ್ಮನನ್ನೂ ಕರೆದುಕೊಂಡು ಹೋಗಿ. ಲೈಸೆನ್ಸ್ ತೋರಿಸಿ ಅಂತ ಕೇಳಿ, ನಿಜವಾದ ಟ್ರೈನರಿಗೆ ಅದರಿಂದ ಬೇಸರವಾಗುವುದಿಲ್ಲ. ಹುಡುಗ ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದು, ಮೂರು ತಿಂಗಳು ಮಲಗಿದರೆ ಸಂಬಳ ಬರುತ್ತದೆಯೇ, ವಿಮೆ ಇದ್ದರೆ ಅದು ಬೆಳಗಿನ ಕೆಲಸಕ್ಕೂ ಇದೆಯೋ ರೇಸಿನ ದಿನಕ್ಕೆ ಮಾತ್ರವೋ, ಇದನ್ನೆಲ್ಲ ಕಾಗದದ ಮೇಲೆ ಬರೆಸಿಕೊಳ್ಳಿ. ನನಗೆ ಭುಜ ಮುರಿದಾಗ ಅರ್ಧ ಖರ್ಚು ನನ್ನ ಅಣ್ಣ ಸಾಲ ಮಾಡಿ ಕಟ್ಟಿದ. ಯಾವ ಕಾಗದವೂ ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಬ್ರಿಟನ್ನಿನಲ್ಲಿ ಇಬ್ಬರು ಜಾಕಿಗಳು ಬಿದ್ದು ಕಸುಬೇ ಬಿಡಬೇಕಾದಷ್ಟು ಪೆಟ್ಟಾದ ಮೇಲೆ 1964ರಲ್ಲಿ ಗಾಯಾಳು ಜಾಕಿಗಳಿಗಾಗಿ ಒಂದು ನಿಧಿ ಶುರುವಾಯಿತು, ಇವತ್ತಿಗೂ ನಡೆಯುತ್ತಿದೆ. ಅಂಥದ್ದು ನಮ್ಮ ರೈಡಿಂಗ್ ಬಾಯ್‌ಗಳಿಗೂ, ಸೈಸ್‌ಗಳಿಗೂ ಬೇಕು ಅಂತ ನನ್ನ ಬಹುದಿನದ ಆಸೆ.

ಆಮೇಲೆ ಒಂದು ಬೆಳಿಗ್ಗೆ ಐದೂವರೆಗೆ ಆ ಟ್ರೈನರ್ ಕುದುರೆಗಳು ಹೊರಗೆ ಬರುವುದನ್ನು ನೋಡಲು ಅನುಮತಿ ಕೇಳಿ. ಹುಡುಗರು ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿದಿದ್ದಾರೆಯೇ, ಸುಮ್ಮನೆ ತಲೆ ಮೇಲೆ ಇಟ್ಟುಕೊಂಡಿದ್ದಾರೆಯೇ? ಎದೆಗೆ ರಕ್ಷಾ ಕವಚ ಇದೆಯೇ? ಟ್ರೈನರ್ ಬಗ್ಗಿ ಒಂದೊಂದು ಕುದುರೆಯ ಮುಂಗಾಲನ್ನೂ ಮಂಡಿಯಿಂದ ಗೊರಸಿನವರೆಗೆ ಅಂಗೈಯಿಂದ ಸವರಿ ನೋಡುತ್ತಾರೆಯೇ? ಸೈಸ್ ಏನಾದರೂ ಹೇಳಿದರೆ ನಿಂತು ಕೇಳುತ್ತಾರೆಯೇ? ಇಡೀ ರಾತ್ರಿ ಕುದುರೆ ಜೊತೆ ಇರುವವನು ಸೈಸ್, ಅದು ಮೇವು ಬಿಟ್ಟಿದ್ದು ಮೊದಲು ಗೊತ್ತಾಗುವುದು ಅವನಿಗೆ. ನಾನು ಜಮಾದಾರ್ ಆಗಿದ್ದಾಗ ಬಂದ ಟ್ರೈನರ್ ಒಬ್ಬರು, ಸೈಸ್ "ಇವತ್ತು ಬೇಡ ಸಾರ್" ಅಂದರೆ ಯಾಕೆ ಅಂತಲೂ ಕೇಳದೆ ಕುದುರೆಯನ್ನು ಒಳಗೆ ಕಳಿಸುತ್ತಿದ್ದರು, ಕಾರಣವನ್ನು ಆಮೇಲೆ ಚಹಾ ಕುಡಿಯುತ್ತಾ ವಿಚಾರಿಸುತ್ತಿದ್ದರು. ಅವರ ಲಾಯದಲ್ಲಿ ಆ ಹನ್ನೊಂದು ವರ್ಷ ಕಾಲು ಮುರಿದ ಕುದುರೆ ಒಂದೇ ಒಂದು. ಅಂಥವರು ಕರೆದಿದ್ದರೆ ತಮ್ಮನನ್ನು ಕಳಿಸಿ, ನಾನಾದರೂ ಕಳಿಸುತ್ತಿದ್ದೆ.

ಕಳಿಸಿದ ಮೇಲೆ ಇನ್ನೊಂದು. ಅವನು ಬೀಳುತ್ತಾನೆ, ಬೀಳದ ಸವಾರ ಇಲ್ಲ. ಬಿದ್ದು ತಲೆ ನೆಲಕ್ಕೆ ತಾಗಿದರೆ ಆ ಹೆಲ್ಮೆಟ್ ಹೊರಗಿನಿಂದ ಚೆನ್ನಾಗೇ ಕಂಡರೂ ಒಳಗೆ ಕುಸಿದಿರಬಹುದು, ಎಸೆದು ಹೊಸದು ಕೊಡಿಸಿ. ತಲೆಸುತ್ತು, ವಾಂತಿ, ಮರೆವು, ಮಾತು ತೊದಲುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ. ವೈದ್ಯರು ಬರೆದುಕೊಡುವ ತನಕ ಕುದುರೆ ಹತ್ತಬಾರದು, ಎಷ್ಟೇ ಚೆನ್ನಾಗಿದ್ದೇನೆ ಅಂದರೂ. ಹುಡುಗರು ಅವಕಾಶ ಕೈತಪ್ಪುತ್ತದೆ ಅಂತ ಹೆದರಿ ಇದನ್ನು ಮನೆಗೆ ಹೇಳುವುದಿಲ್ಲ. ವಾರಕ್ಕೊಮ್ಮೆ ನೀವೇ ಫೋನ್ ಮಾಡಿ ಕೇಳಿ. ಟ್ರೈನರ್ ಹತ್ತಿರ ಹೋಗುವ ಮುಂಚೆ ಏನಾದರೂ ಸಂದೇಹ ಬಂದರೆ ಇಲ್ಲೇ ಬರೆಯಿರಿ, ನೋಡಿದ ಕೂಡಲೇ ಉತ್ತರಿಸುತ್ತೇನೆ.