ಹನ್ನೊಂದು ತಿಂಗಳಿಗೆ ಜರ್ಮನಿ: ಒಬ್ಬರೇ ಹೊರಟವರ ಪ್ರಶ್ನೆಗಳು

ಕಂಪನಿ ಕೆಲಸಕ್ಕೆಂದು ಕೆಲವು ತಿಂಗಳ ಮಟ್ಟಿಗೆ ಜರ್ಮನಿಗೆ ಒಬ್ಬರೇ ಹೊರಟಿರುವ, ಈಗಾಗಲೇ ಅಲ್ಲಿರುವ ಓದುಗರ ಪತ್ರಗಳನ್ನು ಈ ಬಾರಿ ಒಟ್ಟಿಗೆ ಕೈಗೆತ್ತಿಕೊಂಡಿದ್ದೇವೆ. ಒಂದು ಪತ್ರ ತಾಯಿಯೊಬ್ಬರದು.

ಪ್ರಶ್ನೆ: ನವೆಂಬರ್‌ನಲ್ಲಿ 11 ತಿಂಗಳಿಗೆ ಸ್ಟುಟ್‌ಗಾರ್ಟ್‌ಗೆ ಹೋಗುತ್ತಿದ್ದೇನೆ. ಎರಡು ವಾರ ಕಂಪನಿ ಹೋಟೆಲ್ ಕೊಡುತ್ತದೆ, ಆಮೇಲೆ ಮನೆ ನಾನೇ ನೋಡಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಒಂದು ಫರ್ನಿಶ್ಡ್ ಮನೆ ಸಿಕ್ಕಿದೆ, ಬಾಡಿಗೆಯೂ ಕಡಿಮೆ. ಮಾಲೀಕರು ಸ್ಪೇನ್‌ನಲ್ಲಿದ್ದಾರಂತೆ. ಅಡ್ವಾನ್ಸ್ ಹಾಕಿದರೆ ಬೀಗದ ಕೈ ಕೊರಿಯರ್ ಮಾಡುತ್ತೇನೆ ಎನ್ನುತ್ತಾರೆ. ಹಾಕಲೇ?
– ಎಂಜಿನಿಯರ್, ಬೆಂಗಳೂರು

ಉತ್ತರ: ಹಾಕಬೇಡಿ. ಊರಲ್ಲಿಲ್ಲದ ಮಾಲೀಕ, ಪೇಟೆಗಿಂತ ಕಡಿಮೆ ಬಾಡಿಗೆ, ಮನೆ ನೋಡುವ ಮೊದಲೇ ದುಡ್ಡು: ಈ ಮೂರೂ ಒಟ್ಟಿಗೆ ಬಂದರೆ ಅದು ಮೋಸವೆಂದೇ ತಿಳಿಯಿರಿ. ಕಳಿಸಿದ ಪಾಸ್‌ಪೋರ್ಟ್ ಪ್ರತಿಯನ್ನು ಇನ್ನೊಬ್ಬರಿಗೆ ಬಲೆ ಬೀಸಲು ಬಳಸುವುದೂ ಉಂಟು. ಹಾಗಾಗಿ ಅದನ್ನೂ ಕೊಡಬೇಡಿ.

ನಿಜವಾದ ತೊಡಕು ಬೇರೆಯೇ ಇದೆ. ಜರ್ಮನಿಯಲ್ಲಿ ಎಲ್ಲ ಕಾಗದಪತ್ರವೂ ವಿಳಾಸಕ್ಕೆ ತಗುಲಿಕೊಂಡಿರುತ್ತದೆ. ಮನೆಗೆ ಹೋದ ಎರಡು ವಾರದೊಳಗೆ ಬ್ಯುರ್ಗರ್‌ಬ್ಯೂರೋ ಎಂಬ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದನ್ನೇ ಆನ್‌ಮೆಲ್ಡುಂಗ್ ಎನ್ನುವುದು. ಅದಕ್ಕೆ ಪಾಸ್‌ಪೋರ್ಟ್, ತುಂಬಿದ ಫಾರ್ಮ್ ಮತ್ತು ಮನೆ ಕೊಟ್ಟವರು ಸಹಿ ಮಾಡಿದ ‘ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್’ ಎಂಬ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರಿನ ಪ್ರತಿ ಇದರ ಜಾಗಕ್ಕೆ ಬರುವುದಿಲ್ಲ. ನೋಂದಣಿಯಾದ ಮೇಲಷ್ಟೇ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ವಾಸದ ಪರವಾನಗಿ ಕಾರ್ಡು, ಹೆಚ್ಚಿನ ಬ್ಯಾಂಕ್ ಖಾತೆಗಳು, ಇಂಟರ್ನೆಟ್ ಎಲ್ಲವೂ ಅದರ ಹಿಂದೆಯೇ. ಆದ್ದರಿಂದ ಯಾವ ಮನೆ ನೋಡಿದರೂ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ‘ಆನ್‌ಮೆಲ್ಡುಂಗ್‌ಗೆ ಪತ್ರ ಕೊಡುತ್ತೀರಾ?’ ಎಂದು. ವಾರದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡುವ ಮನೆಗಳಲ್ಲಿ ಎಷ್ಟೋ ಜನ ಕೊಡುವುದಿಲ್ಲ. ‘ಇನ್ನೊಂದು ವಿಳಾಸಕ್ಕೆ ಪತ್ರ ಮಾಡಿಸಿಕೊಡ್ತೀವಿ, ಇಷ್ಟು ಯೂರೋ ಕೊಡಿ’ ಎನ್ನುವವರೂ ಸಿಗುತ್ತಾರೆ. ವಾಸವಿಲ್ಲದ ವಿಳಾಸವನ್ನು ಹೀಗೆ ಮಾರುವವರಿಗೆ ಕಾನೂನಿನಲ್ಲಿ 50,000 ಯೂರೋವರೆಗೆ ದಂಡವಿದೆ. ನೀವೂ ಸಿಕ್ಕಿಬೀಳುತ್ತೀರಿ.

ಹೋಟೆಲಿನ ಎರಡು ವಾರದಲ್ಲಿ ಮನೆ ಸಿಗುತ್ತದೆಂದು ನಂಬಿ ಹೊರಡಬೇಡಿ. ಆ ದುಡ್ಡಿನಲ್ಲೇ ನೋಂದಣಿಗೆ ಒಪ್ಪುವ ಸರ್ವಿಸ್ಡ್ ಅಪಾರ್ಟ್‌ಮೆಂಟ್ ಆರು ವಾರಕ್ಕೆ ಮಾಡಿಕೊಡಲು ಕೇಳಿ. ಎಚ್‌ಆರ್‌ನವರು ಮೊದಲು ಆಗುವುದಿಲ್ಲ ಎನ್ನುತ್ತಾರೆ. ಕಾರ್ಡು ತಡವಾದರೆ ಪ್ರಾಜೆಕ್ಟ್‌ಗೇ ತೊಂದರೆ ಎಂದು ಬರೆದು ತಿಳಿಸಿ. ಬ್ಯುರ್ಗರ್‌ಬ್ಯೂರೋ ಸಮಯವನ್ನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಿ. ಎರಡು ವಾರದೊಳಗಿನದು ಸಿಗದಿದ್ದರೆ ಸಿಕ್ಕ ದಿನಾಂಕ ಹಿಡಿದು ಆ ಮಿಂಚಂಚೆ ಜೋಪಾನ ಮಾಡಿ. ಪ್ರಯತ್ನಿಸಿದ್ದಕ್ಕೆ ಅದೇ ಸಾಕ್ಷಿ.

ಜಾಹೀರಾತಿನಲ್ಲಿ ‘ಕಾಲ್ಟ್‌ಮೀಟೆ’ ಎಂದರೆ ಬರೀ ಬಾಡಿಗೆ. ‘ವಾರ್ಮ್‌ಮೀಟೆ’ಯಲ್ಲಿ ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಸೇರಿರುತ್ತದೆ. ಕರೆಂಟು ಹೆಚ್ಚಾಗಿ ಬೇರೆ. ಅಡ್ವಾನ್ಸ್ ಮೂರು ಕಾಲ್ಟ್‌ಮೀಟೆ ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕಿದೆ: ಬಾಡಿಗೆ 800 ಯೂರೋ ಆದರೆ ಒಟ್ಟು 2,400, ಮೊದಲ ಕಂತು ಕರಾರು ಶುರುವಾದಾಗ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದೊಂದು ಸಮಾಧಾನ. ಫರ್ನಿಶ್ಡ್ ಅಲ್ಲದ ಮನೆಯಲ್ಲಿ ಒಲೆ, ಸಿಂಕ್, ಬಲ್ಬು ಕೂಡ ಇಲ್ಲದಿರಬಹುದು. ಹನ್ನೊಂದು ತಿಂಗಳಿಗೆ ಅಂಥದ್ದು ಬೇಡ. ಹೆಣ್ಣುಮಕ್ಕಳೇ ಸೇರಿ ಹಂಚಿಕೊಂಡಿರುವ ಮನೆಗಳನ್ನು ವೆಗೆ-ಗೆಸುಖ್ಟ್ (WG-Gesucht) ಜಾಲತಾಣದಲ್ಲಿ ಬೇರೆಯಾಗಿ ಸೋಸಿ ನೋಡಬಹುದು.

ಇನ್ನೊಂದು ಕಿರಿಕಿರಿ ನಮ್ಮ ಹೆಸರುಗಳದ್ದು. ಅಂಚೆಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸು ಹೋಗುತ್ತದೆ, ಫ್ಲ್ಯಾಟ್ ಸಂಖ್ಯೆ ನೋಡಿ ಹಾಕುವ ರೂಢಿ ಅಲ್ಲಿ ಹೆಚ್ಚಾಗಿ ಇಲ್ಲ. ಕಚೇರಿಗಳು ಪಾಸ್‌ಪೋರ್ಟ್‌ನ ಸರ್‌ನೇಮ್ ಬರೆಯುತ್ತವೆ. ನಮ್ಮಲ್ಲಿ ಅದು ಅಪ್ಪನ ಹೆಸರೋ ಊರ ಹೆಸರೋ ಆಗಿರುತ್ತದೆ, ಕೆಲವರಿಗೆ ಖಾಲಿಯೇ. ಎಲ್ಲರೂ ಕರೆಯುವ ಹೆಸರು ಸಾಲದು, ಪಾಸ್‌ಪೋರ್ಟ್‌ನಲ್ಲಿದ್ದಂತೆ ಪೂರ್ತಿ ಬರೆದು ಮನೆಗೆ ಹೋದ ದಿನವೇ ಅಂಟಿಸಿ.

ಪ್ರಶ್ನೆ: ಸಂಬಳ ಬೆಂಗಳೂರಿನಲ್ಲೇ ಬರುತ್ತದೆ, ಅಲ್ಲಿ ಭತ್ಯೆ ಕೊಡುತ್ತಾರೆ. ನಾನೂ ನವೆಂಬರ್‌ನಲ್ಲಿ ಹೊರಟು ಅಕ್ಟೋಬರ್‌ನಲ್ಲಿ ಮರಳುವವಳು. ‘ನೀನಿನ್ನು ಎನ್‌ಆರ್‌ಐ, ಇಲ್ಲಿ ತೆರಿಗೆ ಇಲ್ಲ’ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ? ಪಿಎಫ್ ಏನಾಗುತ್ತದೆ?
– ಮೈಸೂರು

ಉತ್ತರ: ನಿಮ್ಮ ತಿಂಗಳುಗಳಿಗೆ ಅದು ನಿಜವಲ್ಲ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ನೀವು ಇಲ್ಲಿ 182 ದಿನಕ್ಕಿಂತ ಹೆಚ್ಚು ಇದ್ದೀರಿ, ಆದ್ದರಿಂದ ಮೊದಲ ಹಣಕಾಸು ವರ್ಷದಲ್ಲಿ ತೆರಿಗೆಯ ಲೆಕ್ಕಕ್ಕೆ ಇಲ್ಲಿನ ನಿವಾಸಿಯೇ. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಬಂದರೆ ಇಲ್ಲಿನ ದಿನಗಳು 182 ಮುಟ್ಟದಿರಬಹುದು, ನಿಜ. ಆದರೆ ವರ್ಷದಲ್ಲಿ 60 ದಿನ, ಹಿಂದಿನ ನಾಲ್ಕು ವರ್ಷದಲ್ಲಿ 365 ದಿನ ಇಲ್ಲಿದ್ದರೂ ನಿವಾಸಿಯೇ ಎಂಬ ಎರಡನೇ ಅಳತೆಯೂ ಇದೆ. ಕೆಲಸಕ್ಕಾಗಿ ದೇಶ ಬಿಡುವ ವರ್ಷ ಅದರಿಂದ ಸಡಿಲಿಕೆ ಸಿಗುತ್ತದೆ, ಖಾಯಮ್ಮಾಗಿ ಮರಳುವ ವರ್ಷ ಸಿಗುವುದಿಲ್ಲ. ಹೀಗಾಗಿ ಎರಡೂ ವರ್ಷ ನೀವು ನಿವಾಸಿ. ಜರ್ಮನಿಯ ಆದಾಯವನ್ನೂ ಇಲ್ಲಿ ತೋರಿಸಬೇಕು, ಅಲ್ಲಿನ ಬ್ಯಾಂಕ್ ಖಾತೆಯನ್ನು ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಬರೆಯಬೇಕು. ಅಲ್ಲಿ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ಎರಡನೇ ವರ್ಷ ನೀವು 183 ದಿನ ದಾಟುವುದರಿಂದ ಅಲ್ಲಿ ಮಾಡಿದ ಕೆಲಸದ ಸಂಬಳಕ್ಕೆ ಅಲ್ಲಿಯೂ ತೆರಿಗೆ ಬೀಳುತ್ತದೆ. ಎರಡು ಕಡೆ ಕಟ್ಟಬಾರದೆಂದೇ ಎರಡು ದೇಶಗಳ ಒಪ್ಪಂದವಿದೆ, ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ಕ್ರೆಡಿಟ್ ಸಿಗುತ್ತದೆ. ಪಡೆಯಲು ಜರ್ಮನ್ ಸಂಬಳ ಚೀಟಿಗಳೂ ತೆರಿಗೆ ಆದೇಶವೂ ಬೇಕು. ವಾಪಸು ಬರುವಾಗ ಆಫೀಸಿನ ಲ್ಯಾಪ್‌ಟಾಪ್‌ನಲ್ಲೇ ಬಿಟ್ಟುಬಂದು ಪರದಾಡುವವರು ಬಹಳ.

ಪಿಎಫ್‌ಗೆ ನಿಮ್ಮ ಕಂಪನಿ ಇಪಿಎಫ್‌ಒದಿಂದ (ಭವಿಷ್ಯನಿಧಿ ಸಂಸ್ಥೆ) ‘ಸರ್ಟಿಫಿಕೇಟ್ ಆಫ್ ಕವರೇಜ್’ ಪಡೆಯಬೇಕು. ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಆ ಪತ್ರವಿದ್ದರೆ 48 ತಿಂಗಳವರೆಗೆ ಪಿಎಫ್ ಇಲ್ಲೇ ಮುಂದುವರಿಯುತ್ತದೆ, ಅಲ್ಲಿನ ಪಿಂಚಣಿ ಕಂತು ಬೇಡ. ಇಲ್ಲದಿದ್ದರೆ ಆ ಕಂತು ಸಂಬಳದ 18.6%, ಅದರಲ್ಲಿ ಅರ್ಧ ನಿಮ್ಮದು. ಆರೋಗ್ಯ ವಿಮೆ ಈ ಪತ್ರದಲ್ಲಿ ಬರುವುದಿಲ್ಲ.

ಡೆಪ್ಯುಟೇಶನ್ ಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಮಾತು ಬರಹದಲ್ಲಿ ಕೇಳಿ: ಹೇಳಿರುವ ಮೊತ್ತ ತೆರಿಗೆ ಕಳೆದೋ, ಕಳೆಯುವ ಮುಂಚಿನದೋ? ಎರಡೂ ದೇಶದ ರಿಟರ್ನ್ ಸಲ್ಲಿಸುವ ಖರ್ಚು ಯಾರದು, ಪ್ರಾಜೆಕ್ಟ್ ಬೇಗ ಮುಗಿದರೆ ಉಳಿದ ತಿಂಗಳ ಬಾಡಿಗೆ ಯಾರದು ಎಂಬುದೂ ಅದರಲ್ಲೇ ಇರಲಿ.

ಭಾರತದ ಸಿಮ್ ಬಿಡಬೇಡಿ. ಬ್ಯಾಂಕ್, ಆಧಾರ್, ತೆರಿಗೆ ಎಲ್ಲದರ ಒಟಿಪಿ ಅದಕ್ಕೇ ಬರುವುದು. ಹೊರಡುವ ಮೊದಲೇ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ಮುಗಿಯದಂತೆ ನೋಡಿಕೊಳ್ಳಿ.

ಪ್ರಶ್ನೆ: ಮಗಳು ಮೊದಲ ಬಾರಿ ಒಬ್ಬಳೇ ಅಷ್ಟು ದೂರ ಹೋಗುತ್ತಿದ್ದಾಳೆ. ತುಪ್ಪ, ಪೇಡೆ, ಕರಿಬೇವು, ಉಪ್ಪಿನಕಾಯಿ, ಕೊಬ್ಬರಿ, ಸಾರಿನಪುಡಿ ಕಟ್ಟಿಕೊಡಬೇಕೆಂದಿದ್ದೇನೆ. ಕುಕ್ಕರ್, ಮಿಕ್ಸಿ ಅಲ್ಲಿ ನಡೆಯುತ್ತದೆಯೇ? ದುಬೈ ಮೇಲಿಂದ ವಿಮಾನ.
– ಧಾರವಾಡ

ಉತ್ತರ: ತುಪ್ಪ ಮತ್ತು ಪೇಡೆ ಬೇಡ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ, ಧಾರವಾಡದ್ದಾದರೂ! ತುಪ್ಪ ಅಲ್ಲಿನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತದೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಕೊಡಿ. ತಾಜಾ ಹಣ್ಣುಕಾಯಿಗಳಲ್ಲಿ ಪ್ರಮಾಣಪತ್ರ ಬೇಡವಾದವು ಐದೇ: ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡುರಿಯನ್. ಒಣ ಕೊಬ್ಬರಿಗೆ ಅಡ್ಡಿ ಇಲ್ಲಿನ ವಿಮಾನ ನಿಲ್ದಾಣದಲ್ಲೇ. ಎಣ್ಣೆಯಂಶದಿಂದ ಬೆಂಕಿ ಹಿಡಿಯಬಹುದೆಂದು ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ದುಬೈ ಮೇಲೆ ಹೋಗುವುದರಿಂದ ಗಸಗಸೆ ಒಂದು ಚಮಚೆಯೂ ಬೇಡ, ಯುಎಇಯಲ್ಲಿ ಅದು ಮಾದಕ ವಸ್ತುಗಳ ಪಟ್ಟಿಯಲ್ಲಿದೆ. ಮಸಾಲೆಪುಡಿಗೆ ಸೇರಿಸಿದ್ದರೆ ಅದನ್ನೂ ಇಡಬೇಡಿ. ಉಪ್ಪಿನಕಾಯಿ ಹೋಗಬಹುದು. ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಎರಡು ಕವರ್‌ನಲ್ಲಿಟ್ಟು ದೊಡ್ಡ ಬ್ಯಾಗಿಗೆ ಹಾಕಿ.

ವಿದ್ಯುತ್ತು ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ಮಿಕ್ಸಿ ನಡೆಯುತ್ತದೆ. ನಮ್ಮ ಮೂರು ಪಿನ್ನು ಅಲ್ಲಿನ ಸಾಕೆಟ್‌ಗೆ ಹೋಗುವುದಿಲ್ಲ. ಅರ್ಥಿಂಗ್ ಇರುವ ಅಡಾಪ್ಟರ್ ಬೇಕು, ಪ್ರವಾಸಕ್ಕೆ ಮಾರುವ ಅಗ್ಗದವುಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಒಲೆ ಹೆಚ್ಚಾಗಿ ಗಾಜಿನ ಮೇಲ್ಮೈಯ ಸಿರಾಮಿಕ್ ಅಥವಾ ಇಂಡಕ್ಷನ್. ಬರೀ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕಾಯುವುದಿಲ್ಲ, ಚಪ್ಪಟೆ ತಳದ ಸ್ಟೀಲಿನ 3 ಲೀಟರಿನದು ಕೊಡಿ, ಜೊತೆಗೆ ಒಂದು ಗ್ಯಾಸ್ಕೆಟ್. ಒಂದೇ ಕೋಣೆಯ ಮನೆಯಲ್ಲಿ ಹೊಗೆ ಅಲಾರಾಂ ತಲೆ ಮೇಲೇ ಇರುತ್ತದೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮೊದಲು ಚಿಮಣಿ ಹಾಕಿ ಕಿಟಕಿ ತೆರೆಯಬೇಕು, ಅಲಾರಾಂ ಕಳಚಬಾರದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಬೆಳಗಿನ ಜಾವ ಚಟ್ನಿ ರುಬ್ಬಿದರೆ ಕೆಳಮನೆಯವರು ದೂರುತ್ತಾರೆ. ಭಾನುವಾರ ಅಂಗಡಿಗಳೂ ಮುಚ್ಚಿರುವುದರಿಂದ ಆ ದಿನ ಇಳಿಯುವುದಾದರೆ ಎರಡು ಹೊತ್ತಿನ ಊಟ ಬ್ಯಾಗಿನಲ್ಲಿರಲಿ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗದಿದ್ದರೆ ಓವನ್ ಒಳಗಿಟ್ಟು ದೀಪ ಮಾತ್ರ ಹಾಕಲಿ.

ಫೋನಿನಲ್ಲಿ 112 (ಆಂಬುಲೆನ್ಸ್, ಅಗ್ನಿಶಾಮಕ), 110 (ಪೊಲೀಸ್), 116016 (ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ಹಗಲಿರುಳು ಉಚಿತ, ಇಂಗ್ಲಿಷ್‌ನಲ್ಲೂ) ಇರಲಿ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ನಿತ್ಯ ಬೇಕು. ವರ್ಷದ್ದು ಒಟ್ಟಿಗೆ ಒಯ್ಯಬಹುದೇ? ಕಂಪನಿ ಟ್ರಾವೆಲ್ ಇನ್ಶೂರೆನ್ಸ್ ಕೊಟ್ಟಿದೆ.
– ತುಮಕೂರು

ಉತ್ತರ: ಸ್ವಂತಕ್ಕೆ ಮೂರು ತಿಂಗಳಿಗೆ ಸಾಲುವಷ್ಟು ಒಯ್ಯಿರಿ. ಮೂಲ ಸ್ಟ್ರಿಪ್‌ನಲ್ಲೇ ಇರಲಿ, ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧದ ಹೆಸರು (ಲೆವೊಥೈರಾಕ್ಸಿನ್) ಮತ್ತು ಮೈಕ್ರೊಗ್ರಾಂ ಇರಲಿ. ನಮ್ಮ ಮೆಡಿಕಲ್ ಶಾಪಿನಂತೆ ಖಾಲಿ ಸ್ಟ್ರಿಪ್ ತೋರಿಸಿದರೆ ಅಲ್ಲಿ ಕೊಡುವುದಿಲ್ಲ, ಮಾತ್ರೆ ಮುಗಿಯುವ ಒಂದು ತಿಂಗಳ ಮೊದಲೇ ಅಲ್ಲಿನ ವೈದ್ಯರ ಸಮಯ ಹಿಡಿಯಿರಿ. ಸ್ತ್ರೀರೋಗ ತಜ್ಞರನ್ನು ನೇರವಾಗಿ ಕಾಣಬಹುದು, ಯಾರ ಶಿಫಾರಸೂ ಬೇಡ. ನಿತ್ಯದ ಗರ್ಭನಿರೋಧಕ ಮಾತ್ರೆಗೆ ಚೀಟಿ ಬೇಕು, ತುರ್ತು ಮಾತ್ರೆ 2015ರಿಂದ ಚೀಟಿಯಿಲ್ಲದೆ ಸಿಗುತ್ತದೆ. ರಾತ್ರಿ, ರಜಾದಿನ ಜ್ವರ-ನೋವಿಗೆ 116117ಕ್ಕೆ ಫೋನ್ ಮಾಡಿ.

ನಿಮ್ಮ ವಿಮೆಯೇ ಚಿಂತೆಯ ವಿಷಯ. ಟ್ರಾವೆಲ್ ಪಾಲಿಸಿಗಳಲ್ಲಿ ಹಳೆಯ ಕಾಯಿಲೆ, ಗರ್ಭಧಾರಣೆ ಬಿಟ್ಟುಹೋಗಿರುತ್ತವೆ, ಮೊತ್ತಕ್ಕೂ ಮಿತಿ ಇರುತ್ತದೆ. ವಾಸದ ಕಾರ್ಡು ಕೊಡುವ ಕಚೇರಿ ಅಂಥದ್ದನ್ನು ಒಪ್ಪದಿರಬಹುದು. ಜರ್ಮನ್ ವಾಸದ ಪರವಾನಗಿಗೆ ಒಪ್ಪುವ ಪೂರ್ಣ ವಿಮೆ ಎಂದು ವಿಮಾ ಕಂಪನಿಯಿಂದ ಪತ್ರ ತರಿಸಿಕೊಡಲು ಎಚ್‌ಆರ್‌ಗೆ ಹೇಳಿ.

ಪ್ರಶ್ನೆ: ನಾನು ಕ್ಯಾಥೊಲಿಕ್. ನೋಂದಣಿ ಫಾರ್ಮಿನಲ್ಲಿ ಧರ್ಮ ಕೇಳುತ್ತಾರಂತೆ, ಏಕೆ?
– ಮಂಗಳೂರು

ಉತ್ತರ: ಚರ್ಚ್ ತೆರಿಗೆಗಾಗಿ. ಆದಾಯ ತೆರಿಗೆಯ ಮೇಲೆ ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್‌ನಲ್ಲಿ 8%, ಉಳಿದೆಡೆ 9%. ದೀಕ್ಷಾಸ್ನಾನವಾದ ಕ್ಯಾಥೊಲಿಕರು ಅಲ್ಲಿ ವಾಸಿಸತೊಡಗಿದರೆ ಇದಕ್ಕೆ ಒಳಪಡುತ್ತಾರೆ. ಸುಳ್ಳು ಬರೆಯುವುದು ಬೇಡ, ಇದನ್ನು ಯಾರು ಭರಿಸಬೇಕೆಂದು ಕಂಪನಿಯೊಡನೆ ಮೊದಲೇ ಮಾತಾಡಿ.

ಪ್ರಶ್ನೆ: ಮ್ಯೂನಿಕ್‌ನ ಕ್ಲೈಂಟ್ ಕಚೇರಿಯಲ್ಲಿದ್ದೇನೆ. ಅಲ್ಲಿನ ಮ್ಯಾನೇಜರ್ ರಾತ್ರಿ ಅಸಭ್ಯ ಸಂದೇಶ ಕಳಿಸುತ್ತಾರೆ. ನಮ್ಮ ಲೀಡ್ ‘ಇನ್ನು ನಾಲ್ಕು ತಿಂಗಳು, ಸುಮ್ಮನಿರು’ ಎನ್ನುತ್ತಾರೆ. ದೂರು ಕೊಟ್ಟರೆ ವೀಸಾ ಹೋಗುತ್ತದೆಯೇ?
– ಹೆಸರು, ಊರು ಬೇಡ

ಉತ್ತರ: ದೂರು ಕೊಟ್ಟಿದ್ದಕ್ಕೆ ವೀಸಾ ಹೋಗುವುದಿಲ್ಲ. ಕೆಲಸ ಬಿಟ್ಟರೆ ಅದಕ್ಕೆ ಧಕ್ಕೆ, ಆದ್ದರಿಂದ ಸಿಟ್ಟಿನಲ್ಲಿ ರಾಜೀನಾಮೆ ಕೊಡಬೇಡಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಭಾರತದ 2013ರ ಕಾಯ್ದೆಯಲ್ಲಿ ಕೆಲಸದ ನಿಮಿತ್ತ ಹೋದ ಜಾಗವೂ ಕೆಲಸದ ಸ್ಥಳವೇ. ನಿಮ್ಮ ಕಂಪನಿಯ ಆಂತರಿಕ ಸಮಿತಿಗೆ ಕೊನೆಯ ಘಟನೆಯ ಮೂರು ತಿಂಗಳೊಳಗೆ ಬರೆದು ಕೊಡಿ. ಲೀಡ್‌ನ ಒಪ್ಪಿಗೆ ಬೇಕಿಲ್ಲ. ಜರ್ಮನಿಯ ಸಮಾನತೆ ಕಾಯ್ದೆಯಡಿ ಪರಿಹಾರ ಕೇಳುವುದಾದರೆ ಗಡುವು ಇನ್ನೂ ಚಿಕ್ಕದು: ಎರಡು ತಿಂಗಳು, ಬರಹದಲ್ಲಿ. ಅಲ್ಲಿನ ಒಕ್ಕೂಟ ಸರ್ಕಾರದ ತಾರತಮ್ಯ ವಿರೋಧಿ ಸಂಸ್ಥೆ ಉಚಿತ ಸಲಹೆ ಕೊಡುತ್ತದೆ. ಸಂದೇಶಗಳ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ಸ್ವಂತ ಫೋನಿನಲ್ಲಿರಲಿ. ಪ್ರಾಜೆಕ್ಟ್‌ನಿಂದ ತೆಗೆದ ದಿನವೇ ಆಫೀಸ್ ಖಾತೆ ಮುಚ್ಚಿಹೋಗಬಹುದು. ಲೀಡ್ ಬಾಯಲ್ಲಿ ಹೇಳಿದ್ದನ್ನು ‘ನೀವು ಇಂದು ಹೀಗೆ ಹೇಳಿದಿರಿ’ ಎಂದು ಅವರಿಗೇ ಮಿಂಚಂಚೆ ಮಾಡಿ. ಆ ಮಿಂಚಂಚೆ ಹೋದ ಮೇಲೆ ‘ಸುಮ್ಮನಿರು’ ಎನ್ನುವುದು ಅವರಿಗೂ ಸುಲಭವಲ್ಲ.

ಪ್ರಶ್ನೆ: ಪ್ರಾಜೆಕ್ಟ್ 7 ತಿಂಗಳಿಗೇ ಮುಗಿಯುತ್ತಿದೆ. ಮನೆ ಕರಾರು 11 ತಿಂಗಳಿನದು. ಉಳಿದ ಬಾಡಿಗೆ ಕಟ್ಟಲೇಬೇಕೇ?
– ಸದ್ಯ ಸ್ಟುಟ್‌ಗಾರ್ಟ್

ಉತ್ತರ: ಕರಾರು ತೆಗೆದು ಅವಧಿ ಏಕೆ ನಿಗದಿ ಮಾಡಿದ್ದಾರೆಂಬ ಕಾರಣ ಬರೆದಿದೆಯೇ ನೋಡಿ. ಮಾಲೀಕರಿಗೇ ಮನೆ ಬೇಕು, ದುರಸ್ತಿ ಇದೆ ಎಂಬಂಥ ಕಾನೂನು ಒಪ್ಪುವ ಕಾರಣವಿಲ್ಲದಿದ್ದರೆ ಅದು ಸಾಮಾನ್ಯವಾಗಿ ಅವಧಿಯಿಲ್ಲದ ಕರಾರು ಎಂದಾಗುತ್ತದೆ, ಮೂರು ತಿಂಗಳ ನೋಟಿಸ್ ಸಾಕು. ತಾತ್ಕಾಲಿಕ ಬಳಕೆಗೆಂದೇ ಕೊಟ್ಟ ಮನೆಗೆ ಈ ರಕ್ಷಣೆ ಇಲ್ಲ. ಕರಾರನ್ನು ಊರಿನ ಬಾಡಿಗೆದಾರರ ಸಂಘಕ್ಕೆ (ಮೀಟರ್‌ಫೆರೈನ್) ತೋರಿಸಿ, ಸದಸ್ಯತ್ವದ ಹಣ ವ್ಯರ್ಥವಾಗದು. ನೋಟಿಸ್ ಕಾಗದದಲ್ಲಿ, ಕೈಸಹಿಯಿರಬೇಕು. ಮಿಂಚಂಚೆ, ವಾಟ್ಸ್‌ಆ್ಯಪ್ ನಡೆಯುವುದಿಲ್ಲ. ತಿಂಗಳ ಮೂರನೇ ಕೆಲಸದ ದಿನದೊಳಗೆ ತಲುಪಿದರೆ ಆ ತಿಂಗಳು ಲೆಕ್ಕಕ್ಕೆ ಸಿಗುತ್ತದೆ. ಕರಾರು ಗಟ್ಟಿಯಾಗಿದ್ದರೆ ಬದಲಿ ಬಾಡಿಗೆದಾರರನ್ನು ನೀವೇ ಹುಡುಕಿ ಮಾಲೀಕರನ್ನು ಒಪ್ಪಿಸುವುದೊಂದೇ ದಾರಿ.

ಹೊರಡುವ ಒಂದು ವಾರ ಮೊದಲಿಂದ, ಹೊರಟ ಎರಡು ವಾರದೊಳಗೆ ವಿಳಾಸ ರದ್ದು ಮಾಡಿಸಿ. ಆ ದೃಢೀಕರಣದ ಪ್ರತಿ ಕಳಿಸಿದರೆ ತಿಂಗಳಿಗೆ 18.36 ಯೂರೋದ ರೇಡಿಯೋ-ಟಿವಿ ಪ್ರಸಾರ ಶುಲ್ಕ ನಿಲ್ಲುತ್ತದೆ, ಎರಡು ವರ್ಷದ ಇಂಟರ್ನೆಟ್ ಕರಾರೂ ಒಂದು ತಿಂಗಳ ನೋಟಿಸ್‌ಗೆ ಮುಗಿಯುತ್ತದೆ. ಮನೆ ಬಿಡುವ ದಿನ ಮೀಟರ್ ಅಂಕಿಗಳೂ ಗೋಡೆ-ನೆಲದ ಸ್ಥಿತಿಯೂ ಇರುವ ಹಸ್ತಾಂತರ ಪತ್ರಕ್ಕೆ ಇಬ್ಬರೂ ಸಹಿ ಹಾಕಿ. ಅಡ್ವಾನ್ಸ್ ಮರಳಲು ತಿಂಗಳುಗಳೇ ಹಿಡಿಯಬಹುದು, ಅಲ್ಲಿಯವರೆಗೆ ಜರ್ಮನ್ ಬ್ಯಾಂಕ್ ಖಾತೆ ಮುಚ್ಚಬೇಡಿ. ಅದಕ್ಕೆ ಜೋಡಿಸಿದ ಫೋನ್ ನಂಬರ್ ಅಲ್ಲಿನದಾಗಿದ್ದರೆ ಸಿಮ್ ಬಿಸಾಡುವ ಮೊದಲು ಬದಲಿಸಿಕೊಳ್ಳಿ.