ಓಡುವ ಫ್ಯಾನಿನ ಮೇಲೆ ದೂರು ಬೇಡ

ಬಿಸಿಲು ಏರಿದ ಹಾಗೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ರಾಗ: ರೇಡಿಯೇಟರ್ ಫ್ಯಾನು. 2008ರಲ್ಲಿ ಯಮಹಾ ಆರ್15 ಬಂದಾಗ ರೇಡಿಯೇಟರ್ ಇರುವ ಬೈಕು ನಮ್ಮ ರಸ್ತೆಗಳಲ್ಲಿ ಅಪರೂಪ. 2012ರಲ್ಲಿ ಕೆಟಿಎಂ ಡ್ಯೂಕ್ 200, ಪಲ್ಸರ್ 200 ಎನ್‌ಎಸ್ ಬಂದವು. 2023ರಲ್ಲಿ ರಾಯಲ್ ಎನ್‌ಫೀಲ್ಡ್ ಕೂಡ ಹಿಮಾಲಯನ್ 450ಕ್ಕೆ ಲಿಕ್ವಿಡ್ ಕೂಲಿಂಗ್ ಕೊಟ್ಟಿತು. ಗಾಡಿಗಳು ಇಷ್ಟು ಬದಲಾದರೂ ಬೀದಿಬದಿಯ ಸಲಹೆ ಮಾತ್ರ ಹಳೇ ಲಾರಿ ಕಾಲದಲ್ಲೇ ನಿಂತಿದೆ. ಕೂಲೆಂಟ್ ಎಂದರೇನು, ರೇಡಿಯೇಟರ್ ಎಲ್ಲಿರುತ್ತದೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಗಾಡಿಯ ಜೊತೆ ಕೊಟ್ಟ ಕೈಪಿಡಿ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದ್ದರೆ ಬಿಚ್ಚಿ ನೋಡಿ.

ಪ್ರಶ್ನೆ: ನನ್ನದು 390 ಸಿಸಿ ಬೈಕು, ಮೂರು ವರ್ಷ ಹಳೆಯದು. ಇಲ್ಲಿ ಈಗ 42 ಡಿಗ್ರಿ ಬಿಸಿಲು. ಊರೊಳಗೆ ಹೊರಟರೆ ಫ್ಯಾನ್ ನಿಲ್ಲುವುದೇ ಇಲ್ಲ. ಸಿಗ್ನಲ್‌ನಲ್ಲಿ ಒಮ್ಮೊಮ್ಮೆ ಟೆಂಪರೇಚರ್ ವಾರ್ನಿಂಗ್ ಕೂಡ ಬರುತ್ತದೆ, ಹೈವೇಗೆ ಬಿಟ್ಟರೆ ಇಳಿಯುತ್ತದೆ. ಥರ್ಮೋಸ್ಟ್ಯಾಟ್ ತೆಗೆದುಬಿಡೋಣ, ಫ್ಯಾನಿಗೆ ಡೈರೆಕ್ಟ್ ಸ್ವಿಚ್ ಹಾಕೋಣ ಎನ್ನುತ್ತಾರೆ ಗ್ಯಾರೇಜಿನವರು. ಮಾಡಿಸಲೇ? (ಕಲಬುರಗಿ)

ಉತ್ತರ: ಎರಡೂ ಬೇಡ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಉಪಯೋಗದ ಮಾತು ‘ಹೈವೇಗೆ ಬಿಟ್ಟರೆ ಇಳಿಯುತ್ತದೆ’ ಎಂಬುದು. ಗಾಡಿ ಗಂಟೆಗೆ 40 ಕಿ.ಮೀ. ದಾಟಿತೆಂದರೆ ಎದುರಿನ ಗಾಳಿಯೇ ರೇಡಿಯೇಟರಿಗೆ ಸಾಕು, ಫ್ಯಾನಿಗೆ ಅಲ್ಲಿ ಕೆಲಸವಿಲ್ಲ. ನಿಂತಾಗ ಮಾತ್ರ ಎಲ್ಲ ಭಾರ ಫ್ಯಾನಿನದು. ಹಾಗಾಗಿ ನಿಂತಾಗ ಕಾದು, ಓಡಿದಾಗ ತಣ್ಣಗಾದರೆ ದೋಷ ಗಾಳಿಯ ಕಡೆ: ಫ್ಯಾನು, ರೇಡಿಯೇಟರಿನ ತೆಳು ತಗಡಿನ ಫಿನ್ನು, ಮುಂದಿನ ಗಾರ್ಡು. ಊರೊಳಗೆ ಸರಿಯಿದ್ದು ಹೈವೇಯಲ್ಲಿ 80ರ ವೇಗದಲ್ಲಿ ಕಾದರೆ ದೋಷ ಕೂಲೆಂಟಿನ ಕಡೆ: ಥರ್ಮೋಸ್ಟ್ಯಾಟು (ಬಿಸಿಯಾದ ಮೇಲೆ ಕೂಲೆಂಟಿಗೆ ರೇಡಿಯೇಟರಿನ ದಾರಿ ಬಿಡುವ ವಾಲ್ವು), ವಾಟರ್ ಪಂಪು, ಒಳಗೆ ಕಟ್ಟಿಕೊಂಡ ರೇಡಿಯೇಟರ್. ಎರಡೂ ಕಡೆ ಕಾದರೆ ಮೊದಲು ಕೂಲೆಂಟ್ ಇದೆಯೋ ಇಲ್ಲವೋ ನೋಡಿ. ಈ ಒಂದು ಭೇದ ಕೇಳದೆ ಸ್ಪ್ಯಾನರ್ ಹಿಡಿಯುವವನ ಕೈಗೆ ಗಾಡಿ ಕೊಡಬೇಡಿ.

ಇನ್ನು ಫ್ಯಾನ್ ನಿಲ್ಲುವುದೇ ಇಲ್ಲ ಎಂಬ ದೂರು. ಅದು ರೋಗವಲ್ಲ. ರೇಡಿಯೇಟರ್ ಎಷ್ಟು ಶಾಖ ಹೊರಹಾಕುತ್ತದೆ ಎಂಬುದು ಕೂಲೆಂಟಿನ ಬಿಸಿಗೂ ಎದುರಿನ ಗಾಳಿಯ ಬಿಸಿಗೂ ಇರುವ ಅಂತರಕ್ಕೆ ತಕ್ಕಂತೆ. ಕೂಲೆಂಟ್ 100 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 75. ನಿಮ್ಮಲ್ಲಿ ನೆರಳಿನಲ್ಲೇ 42. ಡಾಂಬರಿನ ಮೇಲೆ, ಬಸ್ಸು ಆಟೋಗಳ ನಡುವೆ ರೇಡಿಯೇಟರಿನ ಬಾಯಿಗೆ ಬರುವ ಗಾಳಿ 50 ಮುಟ್ಟಿದರೂ ಆಶ್ಚರ್ಯವಿಲ್ಲ. ಅಂತರ 50ಕ್ಕೆ ಇಳಿಯಿತು. ಅಷ್ಟೇ ಶಾಖ ಹೊರಹಾಕಲು ಅದೇ ಫ್ಯಾನ್ ಒಂದೂವರೆ ಪಟ್ಟು ಹೊತ್ತು ಓಡಬೇಕು. ಬಹಳಷ್ಟು ಬೈಕುಗಳಲ್ಲಿ ಫ್ಯಾನ್ ಶುರುವಾಗುವುದು 95ರಿಂದ 105 ಡಿಗ್ರಿ ನಡುವೆ ಎಲ್ಲೋ ಒಂದು ಕಡೆ, ನಿಲ್ಲುವುದು ಅದಕ್ಕಿಂತ ಕೆಲವು ಡಿಗ್ರಿ ಕೆಳಗೆ. ಕಲಬುರಗಿಯ ಮೇ ತಿಂಗಳಲ್ಲಿ ಸಿಗ್ನಲ್‌ನಲ್ಲಿ ನಿಂತ ಗಾಡಿ ಆ ಕೆಳಗಿನ ಗೆರೆಗೆ ಇಳಿಯುವುದೇ ಕಷ್ಟ. ಗೇಜ್ ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಂತರೆ ಫ್ಯಾನ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ವಾರ್ನಿಂಗ್ ಬರುವುದು ಮಾತ್ರ ಸರಿಯಲ್ಲ. ಹುಡುಕುವ ಕ್ರಮ ಹೀಗಿರಲಿ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿ, ಕೀ ತೆಗೆದಿಡಿ.

ಮೊದಲು ಫಿನ್ನು. ರೇಡಿಯೇಟರ್ ಗಾರ್ಡ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಬೆಳಕು ಎಲ್ಲ ಕಡೆ ಒಂದೇ ಸಮ ತೂರಿ ಬರಬೇಕು. ನಿಮ್ಮ ಕಡೆಯ ಎರೆಮಣ್ಣು ಮುಂದಿನ ಚಕ್ರದಿಂದ ಸಿಡಿದು ಕೆಳಗಿನ ಅರ್ಧಕ್ಕೆ ಮೆತ್ತಿಕೊಂಡರೆ, ಒಣಗಿದ ಮೇಲೆ ಸಿಮೆಂಟಿಗೆ ಸಮ. ಸೋಪಿನ ನೀರು ಚಿಮುಕಿಸಿ ಹತ್ತು ನಿಮಿಷ ನೆನೆಯಲು ಬಿಡಿ. ಆಮೇಲೆ ಸಾಧಾರಣ ಪೈಪಿನ ನೀರನ್ನು ಹಿಂದಿನಿಂದ ಮುಂದಕ್ಕೆ, ಅಂದರೆ ಕೊಳೆ ಬಂದ ದಾರಿಯಲ್ಲೇ ಅದನ್ನು ಹೊರಗೆ ತಳ್ಳುವ ಹಾಗೆ ಹರಿಸಿ. ವಾಟರ್ ಸರ್ವಿಸಿನ ಪ್ರೆಶರ್ ಗನ್ನು ರೇಡಿಯೇಟರಿನ ಹತ್ತಿರ ಸುಳಿಯಬಾರದು. ಒಂದೇ ಹೊಡೆತಕ್ಕೆ ಫಿನ್ನುಗಳು ಮಡಚಿ ಗೋಡೆಯಾಗುತ್ತವೆ. ಮಡಚಿದ್ದನ್ನು ಹಲ್ಲುಕಡ್ಡಿಯಂಥ ಮರದ ಕಡ್ಡಿಯಿಂದ ಎತ್ತಿ ನೆಟ್ಟಗೆ ಮಾಡಬಹುದು. ಸ್ಕ್ರೂಡ್ರೈವರ್ ಹಾಕಿದರೆ ಟ್ಯೂಬ್ ತೂತಾಗುತ್ತದೆ. ಅಂದಕ್ಕೆಂದು ಹಾಕಿಸಿದ ಸಣ್ಣ ಕಣ್ಣಿನ ಜಾಲರಿ ಗಾರ್ಡು ಇದ್ದರೆ ಅದನ್ನು ಮತ್ತೆ ಹಾಕಬೇಡಿ. ಜಲ್ಲಿಕಲ್ಲು ತಡೆಯಲು ಅಗಲ ಕಣ್ಣಿನದು ಸಾಕು.

ಎರಡನೆಯದು ಫ್ಯಾನು. ‘ಓಡುತ್ತದೆ’ ಅಂದರೆ ಸಾಲದು, ಗಾಳಿ ಎಳೆಯಬೇಕು. ಫ್ಯಾನ್ ಓಡುತ್ತಿರುವಾಗ ದಿನಪತ್ರಿಕೆಯ ಕಾಲು ಹಾಳೆಯನ್ನು ರೇಡಿಯೇಟರಿನ ಮುಂದೆ ಹಿಡಿಯಿರಿ. ಫಿನ್ನಿಗೆ ಅಂಟಿಕೊಂಡು ನಿಂತರೆ ಸರಿ. ಮುಂದಕ್ಕೆ ಹಾರಿದರೆ ಯಾರೋ ವೈರ್ ಅದಲುಬದಲು ಮಾಡಿದ್ದಾರೆ, ಇದು ಡಿ.ಸಿ. ಮೋಟರ್, ಪ್ಲಸ್ ಮೈನಸ್ ಬದಲಾದರೆ ಉಲ್ಟಾ ತಿರುಗುತ್ತದೆ. ಹಾಳೆ ಸುಮ್ಮನೆ ಜಾರಿ ಬಿದ್ದರೆ ಮೋಟರ್ ಸೋತಿದೆ, ಇಲ್ಲವೇ ಕರೆಂಟ್ ಸಾಲುತ್ತಿಲ್ಲ. ಕೀ ತೆಗೆದು ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ, ಬಿಗಿ ಇರಬಾರದು, ಕರಕರ ಎನ್ನಬಾರದು. ಇಂಜಿನ್ ಚಾಲೂ ಇದ್ದು ಫ್ಯಾನ್ ಓಡುವಾಗ ಅದರ ವೈರು ಜೋಡಿಸುವ ಕಪ್ಲರಿನಲ್ಲಿ ಮಲ್ಟಿಮೀಟರ್ ಇಟ್ಟರೆ 13 ವೋಲ್ಟ್ ಆಸುಪಾಸು ಇರಬೇಕು. ಬ್ಯಾಟರಿಯಲ್ಲಿ 13.5 ಇದ್ದು ಇಲ್ಲಿ 11 ಬಂದರೆ ಕಪ್ಲರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆ ಅಥವಾ ಅರ್ತ್ ಸಡಿಲವಾಗಿದೆ. ಇದನ್ನು ನೋಡದೆ ಹೊಸ ಫ್ಯಾನ್ ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ.

ನಿಮ್ಮದು ಓಡುತ್ತಿದೆ, ಓಡದೆ ಇರುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಫ್ಯೂಸ್ ನೋಡಿ, ರಿಲೇ ಬದಲಿಸಿ ನೋಡಿ, ಆಮೇಲೆ ಫ್ಯಾನಿನ ಕಪ್ಲರ್ ಬಿಚ್ಚಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ತಿರುಗಿದರೆ ಮೋಟರ್ ಸರಿಯಿದೆ, ದೋಷ ರಿಲೇ, ಸೆನ್ಸರ್ ಅಥವಾ ವೈರಿಂಗಿನಲ್ಲಿದೆ. ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಗಾಡಿಗಳಲ್ಲಿ ಹೆಚ್ಚಿನವು ಟೆಂಪರೇಚರ್ ಸೆನ್ಸರಿನ ಕಪ್ಲರ್ ಕಳಚಿದರೆ ಮುನ್ನೆಚ್ಚರಿಕೆಗೆ ತಾವೇ ಫ್ಯಾನ್ ಹಾಕಿಕೊಳ್ಳುತ್ತವೆ. ಹಾಗೆ ಓಡಿತೆಂದರೆ ರಿಲೇಯೂ ಪಾರಾಯಿತು, ಉಳಿದದ್ದು ಸೆನ್ಸರ್ ಮತ್ತು ಅದರ ಸುತ್ತಲಿನ ಕೂಲೆಂಟ್.

ಮೂರನೆಯದು ಕೂಲೆಂಟಿನ ಮಟ್ಟ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ರಿಸರ್ವ್ ಬಾಟಲಿಯಲ್ಲಿ ಗೆರೆಯ ತನಕ ಇದೆ ಎಂದು ಸುಮ್ಮನಾಗುತ್ತಾರೆ. ರೇಡಿಯೇಟರ್ ಕ್ಯಾಪಿನಲ್ಲಿ ಎರಡು ವಾಲ್ವ್ ಇರುತ್ತವೆ. ಒಂದು, ಬಿಸಿಯಾಗಿ ಒತ್ತಡ ಏರಿದಾಗ ಹೆಚ್ಚಿನದನ್ನು ಬಾಟಲಿಗೆ ಬಿಡುತ್ತದೆ; ಇನ್ನೊಂದು, ತಣ್ಣಗಾದಾಗ ಬಾಟಲಿಯಿಂದ ವಾಪಸ್ ಎಳೆದುಕೊಳ್ಳಲು ತೆರೆಯುತ್ತದೆ. ಎರಡನೆಯದು ಅಂಟಿಕೊಂಡರೆ ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಬರಿದಾಗುತ್ತಾ ಹೋಗುತ್ತದೆ. ಆದ್ದರಿಂದ ತಣ್ಣಗಿರುವಾಗ ಕ್ಯಾಪ್ ತೆಗೆದು ಕತ್ತಿನ ತನಕ ಇದೆಯೇ ನೋಡಿ. ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಅದೇ ಬಾರ್ ಗುರುತಿನ ಹೊಸದು ತನ್ನಿ, ಸಾಮಾನ್ಯವಾಗಿ 1.1 ಬಾರ್ ಆಸುಪಾಸು ಇರುತ್ತದೆ. ನೀರಿಗೆ ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ಒತ್ತಡವಿಲ್ಲದೆ 107 ಡಿಗ್ರಿಗೆ ಕುದಿಯುತ್ತದೆ, 1.1 ಬಾರ್ ಒತ್ತಡದಲ್ಲಿ 128 ದಾಟಬೇಕು. ಫ್ಯಾನ್ ಶುರುವಾಗುವುದೇ ನೂರರ ಹತ್ತಿರ ಅನ್ನುವಾಗ, ಕ್ಯಾಪ್ ಒತ್ತಡ ಹಿಡಿಯದಿದ್ದರೆ ಉಳಿಯುವ ಅಂತರ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಮಟ್ಟ ಇಳಿದಿದ್ದರೆ ಕೂಲೆಂಟನ್ನು ಕತ್ತಿನಿಂದ ನಿಧಾನವಾಗಿ ಹುಯ್ಯಿರಿ. ಗಾಡಿಯನ್ನು ಎಡಕ್ಕೆ ಬಲಕ್ಕೆ ಎರಡು ಮೂರು ಸಲ ವಾಲಿಸಿ, ಗುಳ್ಳೆ ಮೇಲೆ ಬರುತ್ತವೆ. ಏರ್ ಬ್ಲೀಡ್ ಬೋಲ್ಟ್ ಇರುವ ಗಾಡಿಯಾದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಕೂಲೆಂಟ್ ಬಂದ ಮೇಲೆ ಬಿಗಿ ಮಾಡಿ. ಕ್ಯಾಪ್ ಹಾಕದೆ ಐಡ್ಲಿಂಗಿನಲ್ಲಿ ಕೆಲವು ನಿಮಿಷ ಬಿಟ್ಟು, ಇಳಿದಷ್ಟು ತುಂಬಿ, ಕುದಿ ಬರುವ ಮುಂಚೆಯೇ ಕ್ಯಾಪ್ ಮುಚ್ಚಿ. ಒಂದು ಸುತ್ತು ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ. ಇಷ್ಟು ತಾಳ್ಮೆ ಏಕೆಂದರೆ ಒಳಗೆ ಗಾಳಿ ಸಿಕ್ಕಿಕೊಂಡು ಸೆನ್ಸರಿನ ತುದಿ ಕೂಲೆಂಟಿನಲ್ಲಿ ಮುಳುಗಿರದಿದ್ದರೆ ಅದು ನಿಜವಾದ ಬಿಸಿ ಹೇಳುವುದಿಲ್ಲ. ಇಂಜಿನ್ ಬೇಯುತ್ತಿರುತ್ತದೆ, ಗೇಜ್ ತಣ್ಣಗಿರುತ್ತದೆ, ಫ್ಯಾನ್ ಏಳುವುದೇ ಇಲ್ಲ. ಕೂಲೆಂಟ್ ಬದಲಿಸಿದ ಮರುದಿನ ಫ್ಯಾನ್ ಕೆಟ್ಟಿತು ಎನ್ನುವವರು ಮೊದಲು ಈ ಗಾಳಿಯನ್ನೇ ಅನುಮಾನಿಸಬೇಕು.

ಈಗ ನಿಮ್ಮ ಗ್ಯಾರೇಜಿನವರ ಎರಡು ಉಪಾಯ. ಥರ್ಮೋಸ್ಟ್ಯಾಟ್ ತೆಗೆದರೆ ಹೈವೇಯಲ್ಲಿ ಇಂಜಿನ್ ಬೇಕಾದ ಬಿಸಿಗೆ ಏರುವುದಿಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಎಂದು ಗಾಡಿಯ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಹೆಚ್ಚು ಚಿಮ್ಮಿಸುತ್ತದೆ. ಮೈಲೇಜ್ ಬೀಳುತ್ತದೆ, ಪೆಟ್ರೋಲು ಆಯಿಲ್‌ಗೆ ಸೇರುತ್ತದೆ. ಬೈಪಾಸ್ ದಾರಿ ಇರುವ ಕೆಲವು ಇಂಜಿನ್‌ಗಳಲ್ಲಂತೂ ಥರ್ಮೋಸ್ಟ್ಯಾಟ್ ಇಲ್ಲದೆ ಆ ದಾರಿ ಮುಚ್ಚುವುದೇ ಇಲ್ಲ. ಒಂದಷ್ಟು ಕೂಲೆಂಟ್ ರೇಡಿಯೇಟರಿನ ಮುಖವನ್ನೇ ನೋಡದೆ ಸುತ್ತುತ್ತದೆ, ಬಿಸಿ ಇನ್ನೂ ಹೆಚ್ಚುತ್ತದೆ. ಅನುಮಾನವಿದ್ದರೆ ಬಿಚ್ಚಿ, ಅಡುಗೆಗೆ ಬಳಸದ ಪಾತ್ರೆಯ ನೀರಿನಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೇ ಕೆತ್ತಿರುವ ಡಿಗ್ರಿಯ ಹತ್ತಿರ, ಸಾಮಾನ್ಯವಾಗಿ 80ರ ಆಚೀಚೆ, ಬಾಯಿ ಬಿಡಲು ಶುರುಮಾಡಬೇಕು. ನೀರು ಕುದಿದರೂ ಬಿಡದಿದ್ದರೆ ಹೊಸದು ಹಾಕಿ. ತೆಗೆದು ಎಸೆಯುವುದು ರಿಪೇರಿಯಲ್ಲ.

ಡೈರೆಕ್ಟ್ ಸ್ವಿಚ್ ಹಾಕಿದರೆ ಫ್ಯಾನ್ ಓಡುತ್ತದೆ ನಿಜ, ದೋಷವೂ ಅಡಗಿಕೊಳ್ಳುತ್ತದೆ. ಸ್ವಿಚ್ ಹಾಕಲು ಮರೆತ ದಿನ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ತೆಗೆಯಲು ಮರೆತ ದಿನ ಬ್ಯಾಟರಿ. ದಾರಿಯಲ್ಲಿ ಕೈಕೊಟ್ಟಾಗ ಮನೆ ಸೇರುವ ಮಟ್ಟಿಗೆ ಬ್ಯಾಟರಿಯಿಂದ ಎಳೆದುಕೊಳ್ಳಿ, ಅದೂ ನಡುವೆ ಫ್ಯೂಸ್ ಇಟ್ಟು.

ಈ ಕೆಲಸ ಮುಗಿಯುವ ತನಕ ಮತ್ತೆ ವಾರ್ನಿಂಗ್ ಬಂದರೆ: ಮುಂದೆ ರಸ್ತೆ ಖಾಲಿ ಇದ್ದು ಹಬೆ ಬರುತ್ತಿಲ್ಲದಿದ್ದರೆ ಹೆಚ್ಚು ಥ್ರಾಟಲ್ ಕೊಡದೆ ಒಂದೆರಡು ನಿಮಿಷ ಓಡಿಸಿ, ಗಾಳಿಗೆ ಇಳಿಯುತ್ತದೆ. ಇಳಿಯದಿದ್ದರೆ ಇಂಜಿನ್ ಆಫ್. ಇಂಜಿನ್ ನಿಂತರೂ ಕೀ ಆನ್ ಇದ್ದರೆ ಫ್ಯಾನ್ ಓಡುವ ಗಾಡಿಯಾದರೆ ಎರಡು ನಿಮಿಷ ಕೀ ಹಾಗೇ ಬಿಡಿ. ಕ್ಯಾಪ್ ಮುಟ್ಟಬೇಡಿ. ಅರ್ಧ ಗಂಟೆ ಸಾಕು ಎನ್ನುವವರಿದ್ದಾರೆ. ನಿಮ್ಮ ಊರಿನ ಬಿಸಿಲಿಗೆ ಒಂದು ಗಂಟೆ ಎಂದೇ ನನ್ನ ಮಾತು. ಒತ್ತಡದಲ್ಲಿರುವ ನೂರು ಚಿಲ್ಲರೆ ಡಿಗ್ರಿಯ ಕೂಲೆಂಟ್ ಮುಖಕ್ಕೆ ಹಾರುತ್ತದೆ. ಇಂಜಿನ್ ಮೇಲೆ ತಣ್ಣೀರು ಸುರಿಯುವ ಉಪಕಾರಿಗಳನ್ನು ದೂರ ನಿಲ್ಲಿಸಿ, ಕಾದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಸೀಳಲೂಬಹುದು.

ಪ್ರಶ್ನೆ: ಕೂಲೆಂಟ್ ಬದಲು ನಲ್ಲಿ ನೀರು ಹಾಕಿದರೆ ಏನಾಗುತ್ತದೆ? ಬೇಸಿಗೆಯಲ್ಲಿ ಕಾನ್ಸಂಟ್ರೇಟನ್ನೇ ನೀರು ಬೆರೆಸದೆ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ? (ಬೆಂಗಳೂರು)

ಉತ್ತರ: ನಿಮ್ಮ ಬೋರ್‌ವೆಲ್ ನೀರು ಬಕೆಟ್ಟಿನ ಅಂಚಿಗೆ ಬಿಳಿ ಕರೆ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ಟ್ಯೂಬಿನೊಳಗೂ ಅದನ್ನೇ ಕಟ್ಟುತ್ತದೆ. ಕಾಡಿನ ನಡುವೆ ಬೇರೆ ಗತಿಯಿಲ್ಲದಿದ್ದರೆ ಕುಡಿಯುವ ನೀರು ಹಾಕಿ ಊರು ಸೇರಿ, ವಾರದೊಳಗೆ ಪೂರ್ತಿ ಖಾಲಿ ಮಾಡಿ ಕೂಲೆಂಟ್ ತುಂಬಿ. ನೀರು ಬೆರೆಸದ ಕಾನ್ಸಂಟ್ರೇಟ್, ಅಂದರೆ ಹೆಚ್ಚುಕಡಿಮೆ ಬರೀ ಗ್ಲೈಕಾಲ್, ಇನ್ನೊಂದು ತಪ್ಪು: ಅದು ಹೊರುವ ಶಾಖ ನೀರು ಹೊರುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅರ್ಧ ಕಾನ್ಸಂಟ್ರೇಟ್, ಅರ್ಧ ಡಿಸ್ಟಿಲ್ಡ್ ವಾಟರ್. ಇಲ್ಲವೇ ಬೆರೆಸಿಯೇ ಬರುವ ರೆಡಿಮಿಕ್ಸ್. ಒಂದು ಸಿಲಿಂಡರಿನ ಗಾಡಿಗೆ ಲೀಟರಿನ ಆಚೀಚೆ ಸಾಕು. ಡಬ್ಬಿಯ ಮೇಲೆ ಗುಣಮಟ್ಟದ ಗುರುತು ಐಎಸ್ 5759 ಅಥವಾ ಜೆಐಎಸ್ ಕೆ 2234 ಇದೆಯೇ ನೋಡಿ. ಹಸಿರೋ ಕೆಂಪೋ ಎಂಬುದು ಬರೀ ಬಣ್ಣ, ಗುಣವಲ್ಲ. ತೆಗೆದ ಹಳೆಯದನ್ನು ಚರಂಡಿಗೆ ಚೆಲ್ಲಬೇಡಿ. ಅದು ಸಿಹಿಯಾಗಿರುವ ವಿಷ, ಬೀದಿನಾಯಿ ನೆಕ್ಕಿದರೆ ಸಾಯುತ್ತದೆ.

ಪ್ರಶ್ನೆ: ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡಾಗ ಮಾತ್ರ ಕಾಯುತ್ತದೆ. (ಮಂಗಳೂರು)

ಉತ್ತರ: ಭಾರ ಪೂರ್ತಿ, ಗಾಳಿ ಇಲ್ಲ, ಸಾಲದ್ದಕ್ಕೆ ಲಾರಿಯ ಹೊಗೆ ನೇರ ರೇಡಿಯೇಟರಿಗೆ. ಮೂವತ್ತು ಅಡಿ ಹಿಂದೆ ಉಳಿಯಿರಿ. ಮೂರನೇ ಗೇರಿನಲ್ಲಿ ಗುದ್ದಾಡಿಸದೆ ಎರಡಕ್ಕೆ ಇಳಿಸಿ: ವಾಟರ್ ಪಂಪ್ ಇಂಜಿನ್ ಜೊತೆಗೇ ತಿರುಗುವುದರಿಂದ ಆರ್‌ಪಿಎಂ ಏರಿದಷ್ಟೂ ಕೂಲೆಂಟ್ ಜೋರಾಗಿ ಸುತ್ತುತ್ತದೆ.

ಪ್ರಶ್ನೆ: ವಾಟರ್ ಪಂಪಿನ ಕೆಳಗೆ ಸಣ್ಣ ತೂತಿನಿಂದ ಹನಿ ಬೀಳುತ್ತಿತ್ತು. ಎಂ-ಸೀಲ್ ಹಾಕಿ ಮುಚ್ಚಿಸಿದೆ, ನಿಂತಿದೆ. ತೊಂದರೆಯಿಲ್ಲ ತಾನೇ? (ಹುಬ್ಬಳ್ಳಿ)

ಉತ್ತರ: ಇದೆ. ಆ ತೂತನ್ನು ಕಂಪನಿಯವರು ಬೇಕೆಂದೇ ಕೊರೆದಿರುತ್ತಾರೆ. ಪಂಪಿನ ಸೀಲ್ ಹೋದಾಗ ಕೂಲೆಂಟ್ ಆಯಿಲ್‌ಗೆ ಸೇರದೆ ಹೊರಗೆ ಹನಿಯಲಿ, ನಿಮ್ಮ ಕಣ್ಣಿಗೆ ಬೀಳಲಿ ಎಂದು. ನೀವು ಆ ದಾರಿಯನ್ನೇ ಮುಚ್ಚಿದ್ದೀರಿ. ಇವತ್ತೇ ಆಯಿಲ್ ಕಿಂಡಿ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ಸ್ಟಾರ್ಟ್ ಮಾಡಬೇಡಿ, ಟೆಂಪೋದಲ್ಲಿ ಸಾಗಿಸಿ. ಮೆಕ್ಯಾನಿಕಲ್ ಸೀಲ್, ಆಯಿಲ್ ಸೀಲ್ ಎರಡನ್ನೂ ಒಟ್ಟಿಗೆ ಬದಲಿಸಿ.

ಪ್ರಶ್ನೆ: ರೇಡಿಯೇಟರ್ ಸೋರುವುದಕ್ಕೆ ಅರಿಶಿನ ಪುಡಿ ಹಾಕಬಹುದೇ? (ದಾವಣಗೆರೆ)

ಉತ್ತರ: ಸಾರಿಗೆ ಹಾಕಿ.

ಪ್ರಶ್ನೆ: ಗಾಡಿ ನಿಲ್ಲಿಸಿ ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಗೇಜ್ ಮೊದಲಿಗಿಂತ ಮೇಲಿರುತ್ತದೆ, ತಕ್ಷಣ ಫ್ಯಾನ್ ಶುರು. (ಮೈಸೂರು)

ಉತ್ತರ: ಇಂಜಿನ್ ನಿಂತಾಗ ಪಂಪೂ ನಿಂತಿತು. ಹೆಡ್ಡಿನ ಶಾಖ ಅಲ್ಲೇ ನಿಂತ ಕೂಲೆಂಟಿಗೆ ಇಳಿಯಿತು. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲಿ ಇಳಿಯದಿದ್ದರೆ ಮಾತ್ರ ಪತ್ರ ಬರೆಯಿರಿ.

ಪ್ರಶ್ನೆ: ಫ್ಯಾನಿನ ಬಿಸಿಗಾಳಿ ತೊಡೆಗೆ ಹೊಡೆಯುತ್ತದೆ. ಫ್ಯಾನನ್ನು ತಿರುಗಿಸಿ ಮುಂದಕ್ಕೆ ಊದುವಂತೆ ಮಾಡಬಹುದೇ? (ರಾಯಚೂರು)

ಉತ್ತರ: ತೊಡೆ ತಣ್ಣಗಾಗಿ ಇಂಜಿನ್ ಸುಟ್ಟುಹೋಗುತ್ತದೆ. ದಪ್ಪ ಪ್ಯಾಂಟ್ ಹಾಕಿ.

ಪ್ರಶ್ನೆ: ನನ್ನ ಸ್ಪ್ಲೆಂಡರಿಗೆ ರೇಡಿಯೇಟರ್ ಕಟ್ಟಿಸಬೇಕೆಂದಿದ್ದೇನೆ. (ತುಮಕೂರು)

ಉತ್ತರ: ಎಲ್ಲಿಗೆ ಕಟ್ಟುತ್ತೀರಿ? ಆ ಇಂಜಿನ್ನಿನಲ್ಲಿ ನೀರು ಹರಿಯಲು ದಾರಿಯೇ ಇಲ್ಲ. ಸಿಲಿಂಡರಿನ ರೆಕ್ಕೆಗಳ ನಡುವಿನ ಮಣ್ಣು ತೆಗೆಯಿರಿ, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ.