ಮಾಯಾ ದಿನಗಣನೆ: ನಿಂತೇ ಇಲ್ಲದ ಎಣಿಕೆ

ಪ್ರಶ್ನೆ: ಮೆಕ್ಸಿಕೊ–ಗ್ವಾಟೆಮಾಲ ಕಡೆಯ ಮಾಯಾ ಜನರ ಕ್ಯಾಲೆಂಡರ್ ಪ್ರಕಾರ 2012ರಲ್ಲಿ ಪ್ರಳಯ ಎಂದು ಸುದ್ದಿಯಿತ್ತು, ಆಗಲಿಲ್ಲ. ಮಾಯರ ಲೆಕ್ಕ ತಪ್ಪಿತೇ?

ಉತ್ತರ: ಇಲ್ಲ. ದಿನಗಳನ್ನು ಒಂದೇ ಸಮ ಎಣಿಸುತ್ತಾ ಹೋಗುವ ಅವರ ದೀರ್ಘಗಣನೆಯಲ್ಲಿ ಆ ಡಿಸೆಂಬರ್ 21ಕ್ಕೆ 1,44,000 ದಿನಗಳ ಹದಿಮೂರನೇ ಸುತ್ತು ತುಂಬಿತು, 22ಕ್ಕೆ ಮುಂದಿನ ದಿನ ಹುಟ್ಟಿತು. ಇನ್ನು ಇದನ್ನು ಕೇಳಬೇಡಿ.

ಪ್ರಶ್ನೆ: ಮೊಬೈಲ್ ಆ್ಯಪ್ ಒಂದು ನನ್ನ ‘ಮಾಯಾ ರಾಶಿ’ ಹೇಳಿತು. ಜನಾಂಗವೇ ಅಳಿದ ಮೇಲೆ ಈ ಕ್ಯಾಲೆಂಡರ್‌ಗೆ ಮರುಜೀವ ಬಂದದ್ದು ಹೇಗೆ?

ಉತ್ತರ: ‘ಅಳಿದ’ ಎಂಬ ಮಾತನ್ನು ಮೊದಲು ಬಿಡಿ. ಗ್ವಾಟೆಮಾಲದಲ್ಲಿ ಲಕ್ಷಾಂತರ ಮಾಯಾ ಜನರಿದ್ದಾರೆ. ಅಲ್ಲಿನ ಮೊಮೊಸ್ತೆನಾಂಗೊದಂಥ ಬೆಟ್ಟದೂರುಗಳಲ್ಲಿ 260 ದಿನಗಳ ಎಣಿಕೆ ಸ್ಪೇನಿನವರ ಆಳ್ವಿಕೆಯಲ್ಲೂ ನಿಲ್ಲಲಿಲ್ಲ. 13 ಸಂಖ್ಯೆಗಳು, 20 ದಿನನಾಮಗಳು. ನಮ್ಮಲ್ಲಿ ವಾರ ಮತ್ತು ತಿಥಿ ಸಾಗುವಂತೆ ಎರಡೂ ಜೊತೆಯಾಗಿ ಸಾಗುತ್ತವೆ.

ದಿನ ಎಣಿಸುವವರಿಗೆ ಅಲ್ಲಿನ ಮಾಯರ ಕಿಚೆ ಭಾಷೆಯಲ್ಲಿ ‘ಅಹ್‌ಕೀಹ್’ ಎನ್ನುತ್ತಾರೆ. ಕಾಯಿಲೆಯನ್ನೋ ಮದುವೆಯನ್ನೋ ಕೇಳಲು ಜನ ಬಂದಾಗ ಅವರು ಬಟ್ಟೆ ಹಾಸಿ ತ್ಸಿತೆ ಮರದ ಕೆಂಪು ಬೀಜಗಳನ್ನು ಸುರಿಯುತ್ತಾರೆ; ಅದು ನಮ್ಮ ಹಾಲುವಾಣದ ಕುಲದ್ದೇ ಮರ. ಒಂದು ಹಿಡಿ ತೆಗೆದು, ನಾಲ್ಕು ನಾಲ್ಕರಂತೆ ಗುಡ್ಡೆ ಇಟ್ಟು, ಗುಡ್ಡೆಗೊಂದು ದಿನದ ಹೆಸರು ಹೇಳುತ್ತಾ ಹೋಗುತ್ತಾರೆ. ಈ ವಿದ್ಯೆಯನ್ನು ಗುರುವಿನ ಬಳಿ ಕಲಿತು, ಇದೇ ಎಣಿಕೆಯ ‘8 ಬಾತ್ಸ್’ ಎಂಬ ದಿನದಂದು ದೀಕ್ಷೆ ಪಡೆಯಬೇಕು. ಹಣ ಕಟ್ಟಿಸಿಕೊಂಡು ಆನ್‌ಲೈನ್‌ನಲ್ಲಿ ದೀಕ್ಷೆ ಕೊಡುವವರು ಮೋಸಗಾರರು.

ಮರುಜೀವ ಬಂದಿರುವುದು 2012ರಲ್ಲಿ ಸುತ್ತು ತುಂಬಿದ ಆ ದೀರ್ಘಗಣನೆಗೆ. ಶಿಲಾಸ್ತಂಭಗಳಲ್ಲಿ ಅದರ ಕೊನೆಯ ದಾಖಲೆ ಮೆಕ್ಸಿಕೊದ ಟೊನಿನಾದ್ದು, ಕ್ರಿ.ಶ. 909. ಹಳೆಯ ಲಿಪಿ ಕಲಿತ ಇಂದಿನ ಮಾಯರು ಅದನ್ನು ಮತ್ತೆ ಬರೆಯುತ್ತಿದ್ದಾರೆ. 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ ಹಳ್ಳಿಗೆ ಹಳ್ಳಿಯೇ ಸುಟ್ಟುಹೋದ ನಾಡು ಗ್ವಾಟೆಮಾಲ. 1995ರ ಒಪ್ಪಂದದಲ್ಲಿ ಸರ್ಕಾರ ಮಾಯಾ ಅಧ್ಯಾತ್ಮವನ್ನು ಮಾನ್ಯ ಮಾಡಿತು. ಬಯಲಲ್ಲಿ ಹೋಮ ಹಚ್ಚಿ ದಿನವನ್ನು ಹೆಸರಿಟ್ಟು ಕರೆಯುವುದರ ಹಿಂದೆ ಇಷ್ಟು ನೋವಿದೆ. ಅದನ್ನು ರಾಶಿಫಲವಾಗಿಸಿದರೆ ನನಗೆ ಸಿಟ್ಟು ಬರುತ್ತದೆ.

ನಿಮ್ಮ ಆ್ಯಪ್‌ಗೆ 2024ರ ಫೆಬ್ರುವರಿ 29 ಕೊಟ್ಟು ನೋಡಿ. ಅದು ‘9 ಕೇಹ್’ ಎನ್ನಬೇಕು, ಯುಕಾಟೆಕ್ ಎಂಬ ಇನ್ನೊಂದು ಮಾಯಾ ಭಾಷೆಯ ಹೆಸರಿನಲ್ಲಾದರೆ ‘9 ಮಾನಿಕ್’, ಜಿಂಕೆಯ ದಿನ. ಆ ದಿನವನ್ನು ಲೆಕ್ಕಕ್ಕೇ ಹಿಡಿಯದಿದ್ದರೆ ಅದು 20ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಕಟ್ಟಿದ ಎಣಿಕೆ, ಅಳಿಸಿಬಿಡಿ. ಸರಿಯಾಗಿ ಹೇಳಿದರೂ ಫಲ ಕೇಳಲು ನನ್ನ ಬಳಿ ಬರಬೇಡಿ. ನನಗೆ ಲೆಕ್ಕ ಗೊತ್ತು, ಫಲ ಹೇಳುವ ಅಧಿಕಾರ ದೀಕ್ಷೆ ಪಡೆದವರದು.

ಪ್ರಶ್ನೆ: ದುಂಡು ಕಲ್ಲಿನ ‘ಮಾಯಾ ಕ್ಯಾಲೆಂಡರ್’ ಚಿತ್ರ ಕೊಂಡಿದ್ದೇನೆ. ಅಸಲಿಯೇ?

ಉತ್ತರ: ನಡುವೆ ನಾಲಿಗೆ ಚಾಚಿದ ಮುಖವಿದ್ದರೆ ಅದು 1790ರಲ್ಲಿ ಮೆಕ್ಸಿಕೊ ನಗರದಲ್ಲಿ ಸಿಕ್ಕ ಸೂರ್ಯಶಿಲೆ, ಮಾಯರದಲ್ಲ, ಅಜ್ಟೆಕ್ ಎಂಬ ಬೇರೆ ಜನಾಂಗದ್ದು.